ಅರ್ಧಕ್ಕೆ ನಿಂತ ಬಾವುಟ: ಭುಜದ ನೋವಿನ ಬಗ್ಗೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ. ಮೇಷ್ಟ್ರುಗಳ ಕೈಗೆ ಮೈಕ್ ಸಿಕ್ಕರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಅದಕ್ಕೇ ಕಾರ್ಯದರ್ಶಿಗಳು ಇಪ್ಪತ್ತೇ ನಿಮಿಷ ಅಂತ ಹೇಳಿ, ವಾಚ್ ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದಾರೆ.

ಹೋದ ತಿಂಗಳು ಪಿಂಚಣಿ ವಿಷಯದ ಸಭೆ ಮುಗಿದ ಮೇಲೆ ಹೊರಗೆ ಕಾಫಿ ಕುಡಿಯುತ್ತಾ ನಿಂತಿದ್ದೆವು. ನಾನು ಸುಮ್ನೆ ಲೆಕ್ಕ ಹಾಕಿದೆ, ಚಾಳಿ ಬಿಡಲ್ಲ ನೋಡಿ. ಒಂಬತ್ತು ಜನರಲ್ಲಿ ನಾಲ್ಕು ಜನ ತೋಳು ಉಜ್ಜಿಕೊಳ್ಳುತ್ತಲೇ ಮಾತಾಡುತ್ತಿದ್ದರು. ಒಬ್ಬರನ್ನು ಏನಾಯಿತು ಅಂತ ಕೇಳಿದೆ. "ವಾಯು ಹಿಡ್ಕೊಂಡಿದೆ ಮೇಡಂ, ಹೋಗುತ್ತೆ ಬಿಡಿ" ಅಂದರು. ಎಷ್ಟು ದಿನದಿಂದ? "ದೀಪಾವಳಿಯಿಂದ." ಯುಗಾದಿ ಹೋಳಿಗೆ ತಿಂದು ಕೈ ತೊಳೆದಾಗಿದೆ, ಇವರ ವಾಯು ಇನ್ನೂ ಹೋಗಿಲ್ಲ! ಆ ಸಿಟ್ಟಿಗೇ ಇವತ್ತಿನ ಮಾತು ನಾನೇ ಕೇಳಿ ಹಾಕಿಸಿಕೊಂಡದ್ದು.

ನಾನು ಡಾಕ್ಟರ್ ಅಲ್ಲ, ಗಣಿತದ ಟೀಚರ್. ಆದರೆ ಎರಡು ವರ್ಷ ಈ ನೋವಿನ ಜೊತೆ ಸಂಸಾರ ಮಾಡಿದ್ದೇನೆ. ಅದರ ಗುಣ ಸ್ವಭಾವ ಸ್ವಲ್ಪ ಗೊತ್ತು.

ಶುರುವಾದದ್ದು ಸಂಕ್ರಾಂತಿ ಹೊತ್ತಿಗೆ. ಎಡತೋಳಿನ ಮೇಲ್ಭಾಗದಲ್ಲಿ ಒಂದು ನೋವು. ಬಿದ್ದಿಲ್ಲ, ಭಾರ ಎತ್ತಿಲ್ಲ. ಎಲ್ಲರೂ ಹೇಳಿದ್ದು ಒಂದೇ, "ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದಿದ್ದೀರಲ್ಲ, ಅದಕ್ಕೇ." ಅಲ್ಲ ಸ್ವಾಮಿ, ನಾನು ಬರೆದದ್ದು ಬಲಗೈಯಲ್ಲಿ. ನೋಯುತ್ತಿರೋದು ಡಸ್ಟರ್ ಹಿಡಿದ ಕೈ! ಆದರೂ ಆ ಕಾರಣ ಕೇಳೋಕೆ ಚೆನ್ನಾಗಿತ್ತು, ನಾನೂ ನಂಬಿದೆ. ನಮ್ಮ ಅತ್ತೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿದರು. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಿದೆ. ಉಳುಕು ತೆಗೆಯುತ್ತೇನೆ ಅಂತ ಒಬ್ಬರು ಹೆಗಲಿಗೆ ಕಾಲು ಕೊಟ್ಟು ಕೈಯನ್ನು ಒಮ್ಮೆ ಜಗ್ಗಿದರು. ಆ ರಾತ್ರಿ ನಾನು ಮಲಗಲಿಲ್ಲ, ಮನೆಯವರನ್ನೂ ಮಲಗಲು ಬಿಡಲಿಲ್ಲ.

ಹೀಗೆ ಆಗಸ್ಟ್ ಬಂತು. ಆಗ ನಾನು ಅರಸೀಕೆರೆ ಕಡೆ ಒಂದು ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್. ಆಗಸ್ಟ್ 15. ಮಕ್ಕಳು ಇಸ್ತ್ರಿ ಯೂನಿಫಾರಂ ಹಾಕಿಕೊಂಡು ಸಾಲಾಗಿ ನಿಂತಿದ್ದಾರೆ. ಊರಿನವರು ಬಂದಿದ್ದಾರೆ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಹೊಸ ಬಿಳಿ ಶರ್ಟಿನಲ್ಲಿ ನಿಂತಿದ್ದಾರೆ. ಹಗ್ಗ ಎಳೆಯಬೇಕಾದವಳು ನಾನು.

ಹಗ್ಗ ಎಳೆಯೋದು ಹೇಗೆ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಬಾವಿಯಲ್ಲಿ ನೀರು ಸೇದಿದ ಹಾಗೆ. ಬಲಗೈ ಕೆಳಗೆ ಎಳೆಯುವಾಗ ಎಡಗೈ ಮೇಲೆ ಹೋಗಿ ಮುಂದಿನ ಹಿಡಿ ಹಿಡಿಯಬೇಕು. ಬಲಗೈ ಎಳೆಯಿತು. ಎಡಗೈ ಎದೆ ಮಟ್ಟಕ್ಕೆ ಬಂತು, ಅಲ್ಲೇ ನಿಂತಿತು. ನೋವಿಗೆ ಅಲ್ಲ, ಅದು ಗಮನಿಸಿ. ಒಳಗೆ ಯಾರೋ ಚಿಲಕ ಹಾಕಿದ ಹಾಗೆ ನಿಂತಿತು. ಒಂದೇ ಕೈಯಲ್ಲಿ ಎಳೆದೆ, ಮುಂದಿನ ಹಿಡಿಗೆ ಕೈ ಬಿಟ್ಟರೆ ಹಗ್ಗ ಜಾರುತ್ತೆ. ಮತ್ತೆ ಎಳೆದೆ, ಮತ್ತೆ ಜಾರಿತು. ಬಾವುಟ ಅರ್ಧ ಕಂಬಕ್ಕೆ ಹೋಗಿ ನಿಂತುಬಿಟ್ಟಿತು. ಬಾವುಟ ಅರ್ಧಕ್ಕೆ ನಿಂತರೆ ಏನರ್ಥ ಅಂತ ನಿಮಗೆ ಹೇಳಬೇಕಾ? ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಕೇಳಿದರಂತೆ, "ಯಾರು ಹೋದ್ರು?"

ನಗಬೇಡಿ. ಸರಿ, ನಗಿ, ಈಗ ನಾನೂ ನಗುತ್ತೇನೆ. ಅವತ್ತು ಪಿಟಿ ಮೇಷ್ಟ್ರು ಓಡಿ ಬಂದು ಹಗ್ಗ ಹಿಡಿದು ಮಾನ ಉಳಿಸಿದರು. ಸಂಜೆ ಮನೆಗೆ ಬಂದು ಯೋಚನೆ ಮಾಡಿದಾಗ ಹೊಳೆಯಿತು. ಏಳು ತಿಂಗಳಿಂದ ನಾನು ನೋವು ಎಷ್ಟಿದೆ ಅಂತಲೇ ನೋಡುತ್ತಿದ್ದೆ. ಕೈ ಎಲ್ಲಿಯವರೆಗೆ ಹೋಗುತ್ತೆ ಅಂತ ಒಂದು ದಿನವೂ ನೋಡಿರಲಿಲ್ಲ. ತಲೆ ಬಾಚುವಾಗ ಕತ್ತನ್ನೇ ಬಗ್ಗಿಸುತ್ತಿದ್ದೆ. ರವಿಕೆಗೆ ಹಿಂದೆ ಇದ್ದ ಹುಕ್ಕನ್ನು ಮುಂದಕ್ಕೆ ಹಾಕಿಸಿಕೊಂಡಿದ್ದೆ. ಬೇಳೆ ಡಬ್ಬಿ ಅಟ್ಟಣಿಗೆಯಿಂದ ಕೆಳಗಿನ ಕಪಾಟಿಗೆ ಬಂದಿತ್ತು. ಕೈ ಸೋಲುತ್ತಾ ಹೋಗಿತ್ತು, ನಾನು ಮನೆಯನ್ನೇ ಅದಕ್ಕೆ ತಕ್ಕಂತೆ ಬದಲಾಯಿಸಿಕೊಂಡು ಹೋಗಿದ್ದೆ.

ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದೇ. ನೋವು ಅಳೆಯೋಕೆ ಬರಲ್ಲ. ಎತ್ತರ ಅಳೆಯೋಕೆ ಬರುತ್ತೆ. ಅಳೆಯಿರಿ.

ಮಾರನೇ ವಾರ ಮೂಳೆ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇ ನೋಡಿ "ಏನೂ ಇಲ್ಲ" ಅಂದರು. ನನಗೆ ಅಳು ಬಂತು. ಆಮೇಲೆ ಅವರು ನನ್ನ ಮೊಣಕೈಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಗೆ ತಿರುಗಿಸಿದರು. ಬಲಗೈ ಸಲೀಸಾಗಿ ತೆರೆಯಿತು. ಎಡಗೈ ಒಂದಿಂಚು ಅಲ್ಲಾಡಿ ನಿಂತಿತು. "ನೀವು ತಿರುಗಿಸಿದರೂ ಬರಲ್ಲ, ನಾನು ತಿರುಗಿಸಿದರೂ ಬರಲ್ಲ. ಇದು ಫ್ರೋಜನ್ ಶೋಲ್ಡರ್, ಹೆಪ್ಪುಗಟ್ಟಿದ ಭುಜ" ಅಂದರು. ಸ್ನಾಯು ಹರಿದಿದ್ದರೆ ನಮ್ಮ ಕೈಯನ್ನು ನಾವು ಎತ್ತಲಾರೆವು, ಆದರೆ ಬೇರೆಯವರು ಎತ್ತಿದರೆ ಸಾಮಾನ್ಯವಾಗಿ ಬರುತ್ತೆ. ಇಲ್ಲಿ ಹಾಗಲ್ಲ.

ನಮ್ಮ ಸ್ಪೋರ್ಟ್ಸ್ ಡೇ ನಿಂಬೆಹಣ್ಣು ಚಮಚದ ಓಟ ನೆನಪಿದೆಯಲ್ಲ? ಭುಜದ ಕೀಲು ಅದೇ. ದೊಡ್ಡ ನಿಂಬೆಹಣ್ಣು, ಚಿಕ್ಕ ಚಮಚ. ಅದಕ್ಕೇ ಈ ಕೈ ಇಷ್ಟೊಂದು ಕಡೆ ತಿರುಗುತ್ತೆ. ಅದನ್ನು ಬೀಳದ ಹಾಗೆ ಹಿಡಿದಿರೋದು ಸುತ್ತಲಿನ ನಾಲ್ಕು ಸ್ನಾಯು ಮತ್ತು ಒಂದು ತೆಳು ಚೀಲ. ರವಿಕೆ ಹೊಲಿಯುವಾಗ ಟೈಲರ್ ಕಂಕುಳಲ್ಲಿ ಸ್ವಲ್ಪ ಸಡಿಲ ಬಿಡುತ್ತಾನಲ್ಲ, ಕೈ ಎತ್ತೋಕೆ? ಆ ಚೀಲಕ್ಕೂ ಕೆಳಗಡೆ ಹಾಗೇ ಒಂದು ಮಡಿಕೆ ಇರುತ್ತೆ. ಈ ಕಾಯಿಲೆಯಲ್ಲಿ ಚೀಲ ಉರಿಯೂತದಿಂದ ದಪ್ಪ ಆಗಿ, ಆ ಮಡಿಕೆ ಮುದುಡಿಕೊಳ್ಳುತ್ತೆ. ಬಟ್ಟೆ ತೊಳೆದು ಕುಗ್ಗಿದ ಹಾಗೆ. ಎಕ್ಸ್‌ರೇಗೆ ಮೂಳೆ ಕಾಣುತ್ತೆ, ಬಟ್ಟೆ ಎಲ್ಲಿ ಕಾಣುತ್ತೆ? ತೊಂದರೆ ಭುಜದೊಳಗಿದ್ದರೂ ನೋಯೋದು ತೋಳಿನ ಹೊರಮೈ, ಯಾಕೆಂದರೆ ಎರಡು ಕಡೆಯ ಸುದ್ದಿಯನ್ನೂ ಒಯ್ಯೋದು ಹೆಚ್ಚುಕಡಿಮೆ ಅದೇ ನರ. ನಾವು ಪಾಪ ಎಣ್ಣೆ ಹಚ್ಚಿದ್ದೆಲ್ಲ ತಪ್ಪು ವಿಳಾಸಕ್ಕೆ.

ಆ ಡಾಕ್ಟರ್ ಮುಂದಿನ ಪ್ರಶ್ನೆ ಕೇಳಿದ್ದು, "ಶುಗರ್ ಇದೆಯಾ?" ಇಲ್ಲ ಅಂದೆ. "ನೋಡಿಸಿದ್ದೀರಾ?" ಸುಮ್ಮನಾದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಮಾಡಿಸಿದೆ, 8.4 ಬಂತು. ನನಗೆ ಸಕ್ಕರೆ ಕಾಯಿಲೆ ಇದೆ ಅಂತ ಮೊದಲು ಹೇಳಿದ್ದು ನನ್ನ ಎಡಗೈ! ಸಾಮಾನ್ಯ ಜನರಲ್ಲಿ 100ಕ್ಕೆ 2ರಿಂದ 5 ಜನಕ್ಕೆ ಬರುವ ಕಾಯಿಲೆ ಇದು. ಸಕ್ಕರೆ ಇರುವವರಲ್ಲಿ 10ರಿಂದ 20 ಜನಕ್ಕೆ ಬರುತ್ತೆ. ಥೈರಾಯ್ಡ್ ತೊಂದರೆ ಇದ್ದವರಿಗೂ ಜಾಸ್ತಿ. 40ರಿಂದ 60ರ ವಯಸ್ಸು, ಅದರಲ್ಲೂ ಹೆಂಗಸರು. ಜಪಾನಿನಲ್ಲಿ ಇದನ್ನು ಗೋಜುಕಾತಾ ಅಂತಾರೆ, ಐವತ್ತರ ಭುಜ. ನಮ್ಮ ವಾಯುವಿಗಿಂತ ವಾಸಿ, ವಯಸ್ಸಾದರೂ ಹೇಳುತ್ತೆ.

ಫ್ರೋಜನ್ ಶೋಲ್ಡರ್ ಅನ್ನೋ ಹೆಸರು ಕೊಟ್ಟದ್ದು ಅರ್ನೆಸ್ಟ್ ಕಾಡ್‌ಮನ್, ಬಾಸ್ಟನ್ನಿನ ಸರ್ಜನ್, 1934ರಲ್ಲಿ. ಇದನ್ನು ವಿವರಿಸೋದೂ ಕಷ್ಟ, ವಾಸಿ ಮಾಡೋದೂ ಕಷ್ಟ ಅಂತ ಅವರೇ ಒಪ್ಪಿಕೊಂಡಿದ್ದರು. ಈ ಮನುಷ್ಯನ ಮೇಲೆ ನನಗೆ ವಿಪರೀತ ಪ್ರೀತಿ. ಯಾಕೆ ಗೊತ್ತಾ? ಆಪರೇಷನ್ ಮಾಡಿದ ಪ್ರತಿ ರೋಗಿಗೂ ಒಂದು ಕಾರ್ಡ್ ಇಡುತ್ತಿದ್ದರು. ಒಂದು ವರ್ಷ ಆದ ಮೇಲೆ ಮತ್ತೆ ಕರೆದು, ನಿಜವಾಗಿ ವಾಸಿ ಆಯಿತಾ ಅಂತ ನೋಡಿ ಬರೆಯುತ್ತಿದ್ದರು. ಎಲ್ಲ ಆಸ್ಪತ್ರೆಗಳೂ ಹೀಗೇ ಮಾಡಬೇಕು, ಫಲಿತಾಂಶ ಪ್ರಕಟಿಸಬೇಕು ಅಂದರು. ಯಾರಿಗೆ ಇಷ್ಟ ಆಗುತ್ತೆ ಹೇಳಿ? 1915ರಲ್ಲಿ ವೈದ್ಯರ ಸಂಘದ ಒಂದು ಸಭೆಯಲ್ಲಿ ಅವರು ದೊಡ್ಡ ವ್ಯಂಗ್ಯಚಿತ್ರ ಬಿಡಿಸಿಟ್ಟರು. ಮರಳಿನಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿ, ಅಂದರೆ ಏನನ್ನೂ ನೋಡದೆ ದುಡ್ಡು ಕೊಡುವ ಊರ ಜನ, ಚಿನ್ನದ ಮೊಟ್ಟೆ ಇಡುತ್ತಿದೆ, ಡಾಕ್ಟರುಗಳು ಆ ಮೊಟ್ಟೆ ಬಾಚಿಕೊಳ್ಳುತ್ತಿದ್ದಾರೆ. ಆಮೇಲೆ ಆ ಸಂಘದ ಸರ್ಜರಿ ವಿಭಾಗದ ಅಧ್ಯಕ್ಷ ಸ್ಥಾನ ಬಿಡಬೇಕಾಯಿತು. ನಮ್ಮ ಇಲಾಖೆಯಲ್ಲಿ ಇದ್ದಿದ್ದರೆ ದೂರದ ತಾಲ್ಲೂಕಿಗೆ ವರ್ಗ ಆಗುತ್ತಿತ್ತು, ಅಷ್ಟೇ.

ಕಾರ್ಯದರ್ಶಿಗಳು ವಾಚನ್ನು ನನ್ನ ಕಡೆ ತಿರುಗಿಸಿದರು. ಬಂದೆ, ಬಂದೆ.

ಕಾಡ್‌ಮನ್ ಹೇಳಿದ್ದನ್ನೇ ನಾನು ಗೋಡೆಯ ಮೇಲೆ ಮಾಡಿದೆ. ನಮ್ಮ ಊಟದ ಮನೆ ಗೋಡೆಗೆ ಮೊಮ್ಮಗನ ಎತ್ತರದ ಗೆರೆಗಳಿವೆ, ಪೆನ್ಸಿಲ್‌ನಲ್ಲಿ. ಅದರ ಪಕ್ಕ ನನ್ನದು. ಪ್ರತಿ ಭಾನುವಾರ ಬೆಳಿಗ್ಗೆ ಗೋಡೆಗೆ ಮುಖ ಮಾಡಿ ನಿಲ್ಲೋದು. ಬೆರಳುಗಳು ಗೋಡೆ ಮೇಲೆ ಜೇಡದ ಹಾಗೆ ಹತ್ತೋದು. ನಿಂತ ಕಡೆ ಒಂದು ಗೆರೆ, ಒಂದು ತಾರೀಕು. ಮೊದಲ ಗೆರೆ ನನ್ನ ಗಲ್ಲಕ್ಕಿತ್ತು. ಆರು ವಾರ ಅಲ್ಲೇ. ಒಂದು ವಾರ ಇಳಿದಿತ್ತು ಕೂಡ. ಆಮೇಲೆ ಒಂದು ಭಾನುವಾರ ಗೆರೆ ಅರ್ಧ ಇಂಚು ಮೇಲೆ ಬಂತು. ಅವತ್ತು ನೋವೇನೂ ಕಡಿಮೆ ಇರಲಿಲ್ಲ, ನಿಜ ಹೇಳಬೇಕೆಂದರೆ ಜಾಸ್ತಿಯೇ ಇತ್ತು. ಗೋಡೆ ಇಲ್ಲದಿದ್ದರೆ "ಏನೂ ಉಪಯೋಗ ಇಲ್ಲ" ಅಂತ ಅವತ್ತೇ ಬಿಟ್ಟುಬಿಡುತ್ತಿದ್ದೆ. ಮೊಮ್ಮಗ ಕೇಳಿದ, "ಅಜ್ಜಿ, ನೀನೂ ಬೆಳೀತಿದ್ದೀಯಾ?"

ಈ ಕಾಯಿಲೆಗೆ ಮೂರು ಘಟ್ಟ. ಮೊದಲು ಹೆಪ್ಪುಗಟ್ಟುವ ಕಾಲ. ನೋವು ವಿಪರೀತ, ರಾತ್ರಿ ಆ ಮಗ್ಗುಲಿಗೆ ಮಲಗೋಕಾಗಲ್ಲ. ಇದು ಒಂದೂವರೆ ತಿಂಗಳಿಂದ ಒಂಬತ್ತು ತಿಂಗಳು. ಆಮೇಲೆ ನೋವು ಕಡಿಮೆ, ಬಿಗಿತ ಜಾಸ್ತಿ, ಅದೊಂದು ನಾಲ್ಕಾರು ತಿಂಗಳು ಅಥವಾ ಇನ್ನೂ ಹೆಚ್ಚು. ಕೊನೆಗೆ ಕರಗುವ ಕಾಲ, ಆರು ತಿಂಗಳಿಂದ ಎರಡು ವರ್ಷ. ಹೆಚ್ಚಿನವರಿಗೆ ವಾಸಿ ಆಗುತ್ತೆ, ಕೆಲವರಿಗೆ ಸ್ವಲ್ಪ ಬಿಗಿತ ಉಳಿಯುತ್ತೆ. ಅದೇ ಭುಜಕ್ಕೆ ಮತ್ತೆ ಬರೋದು ಅಪರೂಪ. ಇನ್ನೊಂದು ಭುಜಕ್ಕೆ ಬರಬಹುದು, ಕ್ಷಮಿಸಿ.

ಮೊದಲ ಘಟ್ಟದಲ್ಲಿ ಜಗ್ಗಬೇಡಿ, ಜಗ್ಗಿಸಿಕೊಳ್ಳಬೇಡಿ. ಹಾಗಂತ ಕೈಯನ್ನು ಹೊಟ್ಟೆಗೆ ಕಟ್ಟಿಕೊಂಡೂ ಕೂರಬೇಡಿ. ಇನ್ನೊಂದು ಕೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಗ್ಗಿ, ನೋಯುವ ಕೈಯನ್ನು ಹಳೇ ಗಡಿಯಾರದ ಲೋಲಕದ ಹಾಗೆ ಸುಮ್ನೆ ತೂಗಿಸೋದು. ಇದೂ ಕಾಡ್‌ಮನ್ ಹೆಸರಲ್ಲೇ ಇರೋದು. ಮಲಗುವಾಗ ತೋಳಿನ ಕೆಳಗೆ ಒಂದು ತೆಳು ದಿಂಬು. ವ್ಯಾಯಾಮ ಮಾಡಿದ ನೋವು ಸ್ವಲ್ಪ ಹೊತ್ತಿಗೆ ಇಳಿದರೆ ಸರಿ. ರಾತ್ರಿಯೆಲ್ಲ ಕಾಡಿದರೆ ನಾಳೆ ಕಡಿಮೆ ಮಾಡಿ.

ನೋವು ಇಳಿದ ಮೇಲೆ ನನ್ನ ಫಿಸಿಯೋಥೆರಪಿ ಹುಡುಗಿ ಬಾಗಿಲಿಗೆ ರಾಟೆ ಹಾಕಿಸಿ ಅಂದಳು. ಅಂಗಡಿಯದು ಯಾಕೆ, ಹಿತ್ತಲ ಬಾವಿಯ ಹಳೇ ರಾಟೆ ತಂದು ತೊಲೆಗೆ ಕಟ್ಟಿಸಿದೆ. ಬಲಗೈ ಎಳೆದರೆ ಎಡಗೈ ಮೇಲೆ ಹೋಗುತ್ತೆ. ದಿನಾ ಬೆಳಿಗ್ಗೆ ಹತ್ತು ನಿಮಿಷ, ಕೀರ್ ಕೀರ್ ಅಂತ. ನಮ್ಮನೆಯವರು ಒಳಗಿಂದ ಕೂಗುತ್ತಿದ್ದರು, "ಇವತ್ತು ಬಾವುಟ ಎಲ್ಲಿಗೆ ಬಂತು?"

ಆಯ್ತು, ಚೀಟಿ ಬಂತು. ಬೇಗ ಹೇಳುತ್ತೇನೆ. ಇಂಜೆಕ್ಷನ್: ಕೀಲಿನೊಳಗೆ ಕೊಡುವ ಸ್ಟೀರಾಯ್ಡ್, ಮೊದಲ ಘಟ್ಟದಲ್ಲಿ ನೋವಿಗೆ ಒಳ್ಳೆಯದು, ನಾನೂ ಒಂದು ತೆಗೆದುಕೊಂಡೆ. ಸಕ್ಕರೆ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತೆ, ಡಾಕ್ಟರಿಗೆ ಮೊದಲೇ ಹೇಳಿ. ಆಪರೇಷನ್: ಬ್ರಿಟನ್ನಿನಲ್ಲಿ 500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನ 2020ರಲ್ಲಿ ಬಂತು. ಇಂಜೆಕ್ಷನ್ ಜೊತೆ ವ್ಯಾಯಾಮ, ಅರಿವಳಿಕೆ ಕೊಟ್ಟು ಕೈ ತಿರುಗಿಸೋದು, ಕೀಹೋಲ್ ಆಪರೇಷನ್, ಮೂರನ್ನೂ ಹೋಲಿಸಿದರು. ವರ್ಷದ ಕೊನೆಗೆ ಯಾವುದೂ ಉಳಿದವಕ್ಕಿಂತ ಹೇಳಿಕೊಳ್ಳುವಷ್ಟು ಮುಂದಿರಲಿಲ್ಲ. ನೋಡಿ, ಒಂದು ವರ್ಷ ಬಿಟ್ಟು ಲೆಕ್ಕ! ಕಾಡ್‌ಮನ್ ಇದ್ದಿದ್ದರೆ ಖುಷಿ ಪಡುತ್ತಿದ್ದರು. ನೋವಿನ ಮಾತ್ರೆ: ತಿಂಗಳುಗಟ್ಟಲೆ ಕೇಳದೇ ನುಂಗಬೇಡಿ, ಹೊಟ್ಟೆ, ಕಿಡ್ನಿ ಎರಡಕ್ಕೂ ಏಟು.

ಎಲ್ಲ ಭುಜದ ನೋವೂ ಇದಲ್ಲ. ನೋವು ಬೆರಳಿಗೆ ಇಳಿದು ಜುಮ್ ಅಂದರೆ ಕತ್ತು ನೋಡಿಸಿ. ಎಡತೋಳು ನೋವಿನ ಜೊತೆ ಎದೆ ಹಿಡಿದು ಬೆವರಿದರೆ ಭುಜ ಗಿಜ ಅನ್ನಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಕೈ ಏಳದಿದ್ದರೆ ಕಾಯಬೇಡಿ. ಕಚೇರಿ ಕೆಲಸ, ಕಂಪ್ಯೂಟರ್ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ. ಹೋಗಲಿ, ನಮಗೆಲ್ಲ ಕಚೇರಿ ಮುಗಿದಿದೆ.

ಒಂದೇ ಒಂದು ನಿಮಿಷ ಕಾರ್ಯದರ್ಶಿಗಳೇ, ಉಪ್ಪಿಟ್ಟು ಆರಿದರೆ ನನ್ನ ಪಾಲಿದ್ದು ನೀವೇ ತಿನ್ನಿ. ಎಲ್ಲರೂ ಎದ್ದು ನಿಲ್ಲಿ. ಪ್ರಾರ್ಥನೆಗೆ ನಿಂತ ಹಾಗೆ, ಪಕ್ಕದವರಿಗೆ ತಾಗದ ಹಾಗೆ. ಎರಡೂ ಕೈ ನಿಧಾನವಾಗಿ ಮೇಲೆ ಎತ್ತಿ. ಇನ್ನೂ ಮೇಲೆ. ಕಿವಿಗೆ ತಾಗಲಿ. ಈಗ ಇಳಿಸಿ, ಮೊಣಕೈ ಸೊಂಟಕ್ಕೆ, ಮುಂಗೈ ಹೊರಗೆ, ಬಾಗಿಲು ತೆರೆದ ಹಾಗೆ.

ಮೂರನೇ ಸಾಲು, ಕಂಬದ ಪಕ್ಕ, ಕನ್ನಡಕದವರು. ಹೌದು, ನೀವೇ ಮೇಷ್ಟ್ರೇ. ಬಲಗಡೆ ಬಾಗಿಲು ತೆರೀಲಿಲ್ಲ. ಕಾಫಿ ಆದ ಮೇಲೆ ನನ್ನ ಹತ್ತಿರ ಬನ್ನಿ, ಒಂದು ಪೆನ್ಸಿಲ್ ಕೊಡುತ್ತೇನೆ.