ಸ್ಟೆಂಟ್‌ಗಿಂತ ಮೊದಲು ಹೋಗುವ ಬಾಗಿದ ಕೊಳವೆ

[ಪರದೆಯಲ್ಲಿ: ಆಂಜಿಯೋಪ್ಲಾಸ್ಟಿ ರಿಪೋರ್ಟ್‌ನ ಎರಡು ಸಾಲು. ಹೆಸರು, ನಂಬರ್ ಮಸುಕಾಗಿವೆ.]

ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಹಾಕಿದ್ದರೆ ಆ ಫೈಲ್ ತೆಗೆದು ನೋಡಿ. ಪ್ರೊಸೀಜರ್ ರಿಪೋರ್ಟ್‌ನಲ್ಲಿ ಇಂಥದ್ದೊಂದು ಸಾಲು ಇರುತ್ತದೆ: ‘ಬಲ ರೇಡಿಯಲ್, 6 ಫ್ರೆಂಚ್. ಎಡ ಕೊರೊನರಿಯನ್ನು ಇಬಿಯು 3.5 ಗೈಡಿಂಗ್ ಕ್ಯಾಥೆಟರ್‌ನಿಂದ ಹುಕ್ ಮಾಡಲಾಯಿತು.’ ರೇಡಿಯಲ್ ಅಂದರೆ ಮಣಿಕಟ್ಟಿನ ರಕ್ತನಾಳ. ಕೊರೊನರಿ ಅಂದರೆ ಹೃದಯಕ್ಕೇ ರಕ್ತ ಕೊಡುವ ನಾಳ. ಗೈಡಿಂಗ್ ಕ್ಯಾಥೆಟರ್ ಅಂದರೆ ಬಲೂನು, ಸ್ಟೆಂಟ್‌ಗೆ ದಾರಿಯಾಗುವ ಕೊಳವೆ, ಇಬಿಯು ಅದರ ಒಂದು ಆಕಾರದ ಹೆಸರು. ಆ ಸಾಲಿನ ಕೆಳಗೆ ವೈರ್, ಬಲೂನು, ಸ್ಟೆಂಟ್ ಬರುತ್ತವೆ. ನಾವು ಸೀದಾ ಸ್ಟೆಂಟ್ ಯಾವ ಕಂಪನಿಯದ್ದು, ರೇಟ್ ಎಷ್ಟು ಅಂತ ನೋಡುತ್ತೇವೆ. ಮೇಲಿನ ಸಾಲನ್ನು ಯಾರೂ ಓದುವುದಿಲ್ಲ. ಆದರೆ ಬಲೂನು, ಸ್ಟೆಂಟ್ ಎರಡೂ ಜಾಗಕ್ಕೆ ತಲುಪುತ್ತವೋ ಇಲ್ಲವೋ ಅನ್ನುವುದು ಬಹಳಷ್ಟು ಸಲ ಆ ಸಾಲಿನಲ್ಲೇ ತೀರ್ಮಾನ ಆಗಿರುತ್ತದೆ.

ಮೊದಲು ವಸ್ತು ಏನು ಅಂತ ನೋಡೋಣ.

[ಕ್ಲೋಸಪ್: ಕೈಯಲ್ಲಿ ಗೈಡಿಂಗ್ ಕ್ಯಾಥೆಟರ್. ತುದಿಯ ಬಾಗು ಕ್ಯಾಮೆರಾ ಕಡೆಗೆ.]

ಸುಮಾರು 100 ಸೆಂಟಿಮೀಟರ್ ಉದ್ದದ ಕೊಳವೆ. ಉದ್ದಕ್ಕೂ ನೆಟ್ಟಗಿದೆ, ಕೊನೆಯ ಒಂದು ಗೇಣು ಮಾತ್ರ ಬಾಗಿದೆ. 6 ಫ್ರೆಂಚ್ ಅಂದರೆ ಹೊರಗಿನ ಅಡ್ಡಳತೆ 2 ಮಿಲಿಮೀಟರ್. 3 ಫ್ರೆಂಚ್‌ಗೆ 1 ಮಿಲಿಮೀಟರ್ ಲೆಕ್ಕ. ಒಳಗಿನ ತೂತು ಸುಮಾರು 1.8 ಮಿಲಿಮೀಟರ್. ಹಾಗಾದರೆ ಗೋಡೆಗೆ ಉಳಿದ ದಪ್ಪ ಎಷ್ಟು? ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ, ಅಷ್ಟೇ. ಆ ಹತ್ತನೇ ಒಂದು ಭಾಗದಲ್ಲೇ ಮೂರು ಪದರ ಇವೆ. ಒಳಗೆ ಜಾರುವ ಟೆಫ್ಲಾನ್ ಥರದ ಪದರ. ಮಧ್ಯೆ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ತಂತಿಗಳ ಹೆಣಿಗೆ. ಹೊರಗೆ ನೈಲಾನ್ ಅಥವಾ ಅಂಥದ್ದೇ ಪ್ಲಾಸ್ಟಿಕ್.

ಆ ಹೆಣಿಗೆ ಇಲ್ಲದಿದ್ದರೆ ಏನೂ ನಡೆಯುವುದಿಲ್ಲ. ಡಾಕ್ಟರ್ ಹೊರಗೆ ಕೈಯಲ್ಲಿ ಕೊಳವೆಯನ್ನು ಕಾಲು ಸುತ್ತು ತಿರುಗಿಸಿದರೆ ಒಂದು ಮೀಟರ್ ಆಚೆ ಇರುವ ತುದಿಯೂ ಕಾಲು ಸುತ್ತು ತಿರುಗಬೇಕು. ಬರೀ ಪ್ಲಾಸ್ಟಿಕ್ ಆಗಿದ್ದರೆ ಮಧ್ಯದಲ್ಲೇ ತಿರುಚಿಕೊಂಡು ಕೂರುತ್ತಿತ್ತು.

ಈಗ ಜಾಗ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ. ಅದರ ಬುಡದಲ್ಲಿ, ಕವಾಟಕ್ಕೆ ತಾಗಿದಂತೆ ಸ್ವಲ್ಪ ಮೇಲೆ, ಎರಡು ಸಣ್ಣ ಬಾಯಿಗಳಿವೆ. ಒಂದು ಎಡ ಕೊರೊನರಿಗೆ, ಇನ್ನೊಂದು ಬಲ ಕೊರೊನರಿಗೆ. ಕ್ಯಾಥೆಟರ್ ಮೇಲಿನಿಂದ ಇಳಿದು ಬಂದು, ಪಕ್ಕದ ಗೋಡೆಯಲ್ಲಿರುವ ಆ ಬಾಯಿಗೆ ತುದಿ ಇಡಬೇಕು. ರಕ್ತ ಎದುರಿನಿಂದ ನುಗ್ಗುತ್ತಿರುತ್ತದೆ, ಪ್ರತಿ ಬಡಿತಕ್ಕೂ ಎಲ್ಲ ಅಲ್ಲಾಡುತ್ತಿರುತ್ತದೆ. ನೇರ ಕೊಳವೆಗೆ ಇದು ಆಗದ ಕೆಲಸ.

[ಅನಿಮೇಷನ್: ವೈರ್ ಒಳಗಿದ್ದಾಗ ನೇರ. ವೈರ್ ಎಳೆದಾಗ ತುದಿ ಬಾಗುತ್ತದೆ.]

ಹಾಗಂತ ಬಾಗಿದ ಕೊಳವೆಯನ್ನು ಬಾಗಿದಂತೆಯೇ ರಕ್ತನಾಳದಲ್ಲಿ ತಳ್ಳಲಿಕ್ಕಾಗುತ್ತಾ? ಇಲ್ಲ. ಅದಕ್ಕೇ ಒಳಗೆ ಸುಮಾರು 0.9 ಮಿಲಿಮೀಟರ್ ದಪ್ಪದ ವೈರ್ ಹಾಕಿ, ಬಾಗನ್ನು ನೇರ ಮಾಡಿಕೊಂಡು ಅಯೋರ್ಟಾ ತನಕ ಒಯ್ಯುತ್ತಾರೆ. ಅಲ್ಲಿ ವೈರ್ ಹಿಂದಕ್ಕೆ ಎಳೆಯುತ್ತಾರೆ. ಕೊಳವೆ ತನ್ನ ಹಳೇ ಆಕಾರಕ್ಕೆ ಮರಳುತ್ತದೆ.

ಆ ಆಕಾರವನ್ನು ಯಾರು ಕಂಡುಹಿಡಿದರು?

ಕೊರೊನರಿ ಒಳಗೇ ಕ್ಯಾಥೆಟರ್ ಇಡಬಹುದು ಅಂತ ಗೊತ್ತಾಗಿದ್ದೇ ಆಕಸ್ಮಿಕವಾಗಿ. 1958ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಅನ್ನುವ ಡಾಕ್ಟರ್ ಒಬ್ಬ ರೋಗಿಯ ಅಯೋರ್ಟಾಗೆ ಡೈ, ಅಂದರೆ ಎಕ್ಸ್‌ರೇಯಲ್ಲಿ ರಕ್ತನಾಳ ಕಾಣುವಂತೆ ಮಾಡುವ ದ್ರವ, ಹಾಕಿಸುತ್ತಿದ್ದರು. ಕ್ಯಾಥೆಟರ್ ತುದಿ ಜಾರಿ ಬಲ ಕೊರೊನರಿ ಒಳಗೆ ಹೋಗಿತ್ತು. ಡೈ ಪೂರ್ತಿ ಅಲ್ಲಿಗೇ ಹೋಯಿತು. ಹೃದಯ ಕೆಲ ಕ್ಷಣ ನಿಂತಿತು. ಸೋನ್ಸ್ ರೋಗಿಗೆ ಕೆಮ್ಮಲು ಹೇಳಿದರು. ಬಡಿತ ವಾಪಸ್ ಬಂತು. ಕೊರೊನರಿಗೆ ನೇರವಾಗಿ ಡೈ ಹಾಕಿದರೆ ಸಾವೇ ಗತಿ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಆಮೇಲೆ ಸೋನ್ಸ್ ಬೇಕಂತಲೇ ಅದನ್ನು ಮಾಡಲು ಶುರು ಮಾಡಿದರು. ಮೊಣಕೈ ಹತ್ತಿರ ಕೊಯ್ದು, ಒಂದೇ ಕ್ಯಾಥೆಟರ್ ಒಳಗೆ ಬಿಟ್ಟು, ಅದರ ಮೆತ್ತನೆಯ ತುದಿಯನ್ನು ಕವಾಟದ ಹತ್ತಿರ ಆನಿಸಿ, ಬಗ್ಗಿಸಿ ಎರಡೂ ಬಾಯಿ ಹಿಡಿಯುತ್ತಿದ್ದರು. ಅದು ಕೈಚಳಕ. ಎಲ್ಲರಿಗೂ ಬರುವಂಥದ್ದಲ್ಲ.

ಕೈಚಳಕದ ಮೇಲೆ ನಿಂತಿದ್ದ ಈ ಕೆಲಸವನ್ನು ಆಕಾರದ ಮೇಲೆ ನಿಲ್ಲಿಸಿದವರು ಮೆಲ್ವಿನ್ ಜಡ್ಕಿನ್ಸ್. ಒರೆಗಾನ್‌ನ ರೇಡಿಯಾಲಜಿಸ್ಟ್. 1964ರಲ್ಲಿ ಚಾರ್ಲ್ಸ್ ಡಾಟರ್ ಜೊತೆ ಸೇರಿ ಕಾಲಿನ ರಕ್ತನಾಳದ ಬ್ಲಾಕ್ ಅನ್ನು ಕ್ಯಾಥೆಟರ್‌ನಿಂದಲೇ ಬಿಡಿಸಿ ಹೆಸರು ಮಾಡಿದ್ದವರು. ಆ ಕಾಲದ ರೇಡಿಯಾಲಜಿಸ್ಟ್‌ಗಳು ಎಷ್ಟೋ ಸಲ ಕ್ಯಾಥೆಟರ್ ತುದಿಯನ್ನು ತಾವೇ ಬಿಸಿ ಮಾಡಿ ಬಗ್ಗಿಸಿಕೊಳ್ಳುತ್ತಿದ್ದರು. ಜಡ್ಕಿನ್ಸ್ ಅಯೋರ್ಟಾದ ಬುಡದ ಅಳತೆಗೆ ಹೊಂದುವಂತೆ ಎಡಕ್ಕೊಂದು, ಬಲಕ್ಕೊಂದು ಆಕಾರ ಮಾಡಿ 1967ರಲ್ಲಿ ಪ್ರಕಟಿಸಿದರು. ದಾರಿ ತೊಡೆಸಂದಿನಿಂದ.

ಎಡದ್ದು, ಅಂದರೆ ಜೆಎಲ್ (ಜಡ್ಕಿನ್ಸ್ ಲೆಫ್ಟ್), ಬುದ್ಧಿವಂತ ವಿನ್ಯಾಸ. ತುದಿಯ ಹತ್ತಿರ 90 ಡಿಗ್ರಿ ಬಾಗು. ಅದರ ಹಿಂದೆ 180 ಡಿಗ್ರಿಯ ಇನ್ನೊಂದು. ಎರಡರ ನಡುವೆ 4 ಸೆಂಟಿಮೀಟರ್ ಇದ್ದರೆ ಅದು ಜೆಎಲ್ 4. ಅಯೋರ್ಟಾ ಕಿರಿದಾಗಿದ್ದರೆ 3.5, ಹಿಗ್ಗಿದ್ದರೆ 5 ಅಥವಾ 6. ವೈರ್ ತೆಗೆದು ನಿಧಾನವಾಗಿ ಮುಂದೆ ಬಿಟ್ಟರೆ ಸಾಕು. ತುದಿ ಎಡಗೋಡೆಯ ಮೇಲೆ ಜಾರುತ್ತಾ ಬಂದು, ಬಾಯಿ ಸಿಕ್ಕಿದ ಕೂಡಲೇ ತಾನೇ ಒಳಗೆ ಬೀಳುತ್ತದೆ. ಸುಮ್ನೆ ಬಿಟ್ಟರೆ ಕ್ಯಾಥೆಟರ್‌ಗೇ ದಾರಿ ಗೊತ್ತು, ಡಾಕ್ಟರ್ ಅಡ್ಡ ಬರದಿದ್ದರೆ ಆಯಿತು ಅನ್ನುವುದು ಜಡ್ಕಿನ್ಸ್ ಅವರ ನಂಬಿಕೆ. ಬಲದ್ದು, ಜೆಆರ್, ಇಷ್ಟು ಸಲೀಸಲ್ಲ. ಕವಾಟದ ಹತ್ತಿರ ಇಳಿಸಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ ಬಾಯಿ ಹುಡುಕಬೇಕು.

ಅದೇ 1967ರಲ್ಲಿ ಮಿನ್ನೆಸೋಟಾದ ಕರ್ಟ್ ಆಂಪ್ಲಾಟ್ಜ್ ತಮ್ಮ ಆಕಾರ ತಂದರು. ಮಕ್ಕಳ ಹೃದಯದ ರಂಧ್ರ ಮುಚ್ಚುವ ಸಾಧನಕ್ಕೆ ಮುಂದೆ ಹೆಸರಾದವರೂ ಇವರೇ. ಅವರ ಕ್ಯಾಥೆಟರ್‌ನ ಅಗಲವಾದ ಬಾಗು ಕವಾಟದ ಬುಡದಲ್ಲೇ ಕೂತು, ಅಲ್ಲಿಂದ ತುದಿಯನ್ನು ಮೇಲಕ್ಕೆ ಚಾಚುತ್ತದೆ. ಹಿಡಿತ ಗಟ್ಟಿ. ಆದರೆ ಒಂದು ಕೆಟ್ಟ ಗುಣ ಇದೆ: ಹೊರಗೆ ಎಳೆದರೆ ತುದಿ ಹೊರಗೆ ಬರುವುದಿಲ್ಲ, ಕೊರೊನರಿಯೊಳಗೆ ಇನ್ನೂ ಆಳಕ್ಕೆ ಹೋಗುತ್ತದೆ. ಮೊದಲು ಸ್ವಲ್ಪ ಒಳಗೆ ತಳ್ಳಿ, ತುದಿ ಬಾಯಿಯಿಂದ ಎದ್ದ ಮೇಲೆ ತಿರುಗಿಸಿ ತೆಗೆಯಬೇಕು. ಆಂಪ್ಲಾಟ್ಜ್ ಅಂದರೆ ಹೊಸ ಡಾಕ್ಟರ್‌ಗಳು ಸ್ವಲ್ಪ ಹೆದರುವುದು ಇದಕ್ಕೇ.

ಇಲ್ಲಿಯ ತನಕ ಹೇಳಿದ್ದೆಲ್ಲ ಆಂಜಿಯೋಗ್ರಾಂ ಕಥೆ. ಬಾಯಿ ಹುಡುಕು, ಡೈ ಬಿಡು, ಹೊರಗೆ ಬಾ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಮೊದಲ ಸಲ ಕೊರೊನರಿಯಲ್ಲಿ ಬಲೂನು ಊದಿಸಿದ ಮೇಲೆ ಲೆಕ್ಕವೇ ಬದಲಾಯಿತು. ಈಗ ಕ್ಯಾಥೆಟರ್ ಬಾಯಿ ಮುಟ್ಟಿದರೆ ಸಾಲದು. ಅದರೊಳಗಿಂದ ಬಲೂನು, ಸ್ಟೆಂಟ್ ಮುಂದೆ ಹೋಗುವಾಗ ಅದು ಅಲ್ಲಾಡದೆ ಕೂತಿರಬೇಕು. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ಬಾಗು ಇರುವುದು ದಾರಿ ಹುಡುಕಲಿಕ್ಕೆ ಅಂತ ನಾವು ತಿಳಿದಿರುತ್ತೇವೆ. ಜಾಸ್ತಿ ಕೆಲಸ ಇರುವುದು ಆನಿಕೆಯಲ್ಲಿ.

ನುಣುಪು ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಭಾರದ ಬೀರು ತಳ್ಳಿ ನೋಡಿ. ಬೀರು ಅಲ್ಲೇ ಇರುತ್ತದೆ, ನೀವು ಹಿಂದಕ್ಕೆ ಜಾರುತ್ತೀರಿ. ಒಂದು ಕಾಲು ಎದುರುಗೋಡೆಗೆ ಕೊಟ್ಟು ತಳ್ಳಿದರೆ ಬೀರು ಸರಿಯುತ್ತದೆ.

[ಅನಿಮೇಷನ್: ಸ್ಟೆಂಟ್ ಮುಂದೆ ಹೋಗುವಾಗ ಜೆಎಲ್ ಬಾಯಿಂದ ಹಿಂದೆ ಜಿಗಿಯುತ್ತದೆ. ಪಕ್ಕದಲ್ಲಿ ಇಬಿಯು ಅಲ್ಲಾಡದೆ ಕೂತಿದೆ.]

ಕ್ಯಾಲ್ಸಿಯಂ ಕಟ್ಟಿ ಗಡುಸಾದ ಬ್ಲಾಕ್‌ಗೆ ಸ್ಟೆಂಟ್ ತಳ್ಳಿದಾಗ ಅಷ್ಟೇ ಬಲ ಕ್ಯಾಥೆಟರ್ ಮೇಲೆ ಹಿಂದಕ್ಕೆ ಬೀಳುತ್ತದೆ. ಜೆಎಲ್ ಎದುರುಗೋಡೆಯನ್ನು ಮುಟ್ಟುವುದು ಒಂದು ಬಾಗಿನಲ್ಲಿ ಮಾತ್ರ. ಜೋರಾಗಿ ತಳ್ಳಿದರೆ ತುದಿ ಬಾಯಿಂದ ಹೊರಗೆ ಹಾರುತ್ತದೆ. ಇಬಿಯು, ಎಕ್ಸ್‌ಬಿ ಅಂತ ಕರೆಯುವ ಬ್ಯಾಕಪ್ ಆಕಾರಗಳು ಬಂದಿದ್ದು ಈ ತೊಂದರೆಗೆ. ಅವುಗಳ ಉದ್ದನೆಯ ಭಾಗ ಬಾಯಿಯ ಎದುರಿನ ಗೋಡೆಗೆ ಉದ್ದಕ್ಕೂ ಒರಗಿಕೊಳ್ಳುತ್ತದೆ. ಬಲ ಹಿಂದೆ ಬಂದರೆ ಗೋಡೆ ತಡೆಯುತ್ತದೆ. ರಿಪೋರ್ಟ್‌ನ ಇಬಿಯು 3.5 ಅಂದರೆ ಈ ಕುಟುಂಬದ್ದೇ.

ಜಪಾನಿನ ಯೂಜಿ ಇಕಾರಿ ಇದನ್ನು ಭೌತಶಾಸ್ತ್ರದ ಲೆಕ್ಕಕ್ಕೆ ತಂದರು. ಅವರ ಪ್ರಕಾರ ಆನಿಕೆಯ ಬಲ ನಿಂತಿರುವುದು ಮೂರರ ಮೇಲೆ: ಕ್ಯಾಥೆಟರ್ ಎಷ್ಟು ದಪ್ಪ, ಎದುರುಗೋಡೆಗೆ ಎಷ್ಟು ಕೋನದಲ್ಲಿ ತಾಗಿದೆ, ಎಷ್ಟು ಜಾಗದಲ್ಲಿ ತಾಗಿದೆ. ಕೋನ 90 ಡಿಗ್ರಿಗೆ ಹತ್ತಿರ ಆದಷ್ಟೂ ಗಟ್ಟಿ. ಇದು ಬರೀ ಪುಸ್ತಕದ ಮಾತಲ್ಲ. ಅಷ್ಟು ಹೊತ್ತಿಗೆ ಕ್ಯಾಥೆಟರ್ ಹೋಗುವ ದಾರಿಯೇ ಬದಲಾಗುತ್ತಿತ್ತು. 1989ರಲ್ಲಿ ಮಾಂಟ್ರಿಯಲ್‌ನ ಲೂಸಿಯೆನ್ ಕ್ಯಾಂಪೋ ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿದ್ದನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫರ್ಡಿನಾಂಡ್ ಕೀಮೆನೈ ಅಲ್ಲಿಂದಲೇ ಬಲೂನು, ಸ್ಟೆಂಟ್ ಹಾಕಿದರು. ರೋಗಿಗೆ ಆರಾಮ: ರಕ್ತಸ್ರಾವ ಕಮ್ಮಿ, ಗಂಟೆಗಟ್ಟಲೆ ಕಾಲು ಅಲ್ಲಾಡಿಸದೆ ಮಲಗುವ ಕಷ್ಟ ಇಲ್ಲ. ಆದರೆ ಕಪಾಟಿನಲ್ಲಿದ್ದ ಆಕಾರಗಳೆಲ್ಲ ತೊಡೆಸಂದಿನ ದಾರಿಗೆ ಅಂತ ಮಾಡಿದವು!

ಬಲಗೈಯಿಂದ ಬಂದ ಕ್ಯಾಥೆಟರ್ ಅಯೋರ್ಟಾದ ಕಮಾನು ಸುತ್ತಿ ಬರುವುದಿಲ್ಲ. ಕಮಾನಿನ ಮೊದಲ ಕವಲಿನಿಂದ ಒಂದು ಮೂಲೆ ತಿರುಗಿ ಸೀದಾ ಕೆಳಗೆ ಇಳಿಯುತ್ತದೆ. ಅದೇ ಜೆಎಲ್ ಈ ದಾರಿಯಲ್ಲಿ ಬಂದರೆ ಎದುರುಗೋಡೆಯ ಜೊತೆ ಕೋನ ಸಣ್ಣದಾಗುತ್ತದೆ, ಆನಿಕೆ ಸಡಿಲ ಆಗುತ್ತದೆ. ಸಾಮಾನ್ಯ ಉಪಾಯ ಅರ್ಧ ಸೈಜ್ ಇಳಿಸುವುದು: ತೊಡೆಯಿಂದ ಜೆಎಲ್ 4 ಬೇಕಾದವರಿಗೆ ಕೈಯಿಂದ 3.5. ಇಕಾರಿ ಅಷ್ಟಕ್ಕೇ ನಿಲ್ಲದೆ ಜೆಎಲ್ ಅನ್ನೇ ತಿದ್ದಿದರು. ಆ ಮೂಲೆಗೆ ಹೊಂದುವಂತೆ ಇನ್ನೊಂದು ಬಾಗು ಸೇರಿಸಿದರು, ಒಂದು ನೇರ ಭಾಗವನ್ನು ಮೊಟಕು ಮಾಡಿದರು. ಅವರ ಹೆಸರಿನ ಆ ಕ್ಯಾಥೆಟರ್ ಎಡಕ್ಕೂ ಬಲಕ್ಕೂ ಒದಗುತ್ತದೆ.

ಇಷ್ಟು ಎಣಿಸಿ ಇಟ್ಟ ಬಾಗು ಒಳಗೆ ಹಾಗೇ ಉಳಿಯುತ್ತಾ? ತಯಾರಿಕೆಯ ತಲೆನೋವು ಇಲ್ಲಿದೆ.

[ಪರದೆಯಲ್ಲಿ: ಹೆಣಿಗೆಯ ಮೇಲೆ ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ ತುಂಡುಗಳು ಸಾಲಾಗಿ.]

ಒಂದು ಲೋಹದ ಸರಳಿನ ಮೇಲೆ ಒಳಪದರ ಏರಿಸುತ್ತಾರೆ, ಅದರ ಮೇಲೆ ತಂತಿ ಹೆಣೆಯುತ್ತಾರೆ. ಹೊರಪದರ ಒಂದೇ ಪ್ಲಾಸ್ಟಿಕ್ ಅಲ್ಲ. ಕೈ ಹಿಡಿಯುವ ಕಡೆ ಗಡಸು, ಮುಂದೆ ಹೋದಂತೆ ಮೆದು, ಕೊನೆಯ ಕೆಲವು ಮಿಲಿಮೀಟರ್ ತೀರಾ ಮೆತ್ತಗೆ, ಅಲ್ಲಿ ಹೆಣಿಗೆಯೂ ಇಲ್ಲ. ಈ ತುಂಡುಗಳನ್ನು ಬಿಸಿ ಮಾಡಿ ಒಂದಾಗಿ ಕರಗಿಸುತ್ತಾರೆ. ಕೊನೆಗೆ ಬೇಕಾದ ಬಾಗಿನ ಇನ್ನೊಂದು ಸರಳು ಒಳಗೆ ತೂರಿಸಿ, ಮತ್ತೆ ಬಿಸಿ ಮಾಡಿ, ತಣ್ಣಗಾಗಲು ಬಿಡುತ್ತಾರೆ. ಸರಳು ತೆಗೆದಾಗ ಬಾಗು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಬೇಕಾದ್ದಕ್ಕಿಂತ ತುಸು ಜಾಸ್ತಿಯೇ ಬಗ್ಗಿಸಿರುತ್ತಾರೆ. ರಕ್ತದ 37 ಡಿಗ್ರಿ ಬಿಸಿಗೆ ಪ್ಲಾಸ್ಟಿಕ್ ಇನ್ನಷ್ಟು ಮೆದು ಆಗುತ್ತದೆ, ಅದನ್ನೂ ಲೆಕ್ಕ ಹಾಕಬೇಕು. ತೀರಾ ಗಡಸು ಮಾಡಿದರೆ ರಕ್ತನಾಳಕ್ಕೆ ಗಾಯ, ಮೆದು ಮಾಡಿದರೆ ಆನಿಕೆ ಇಲ್ಲ.

ಗಾಯ ಅಂದೆ, ಅದು ದೊಡ್ಡ ವಿಷಯ. ಕ್ಯಾಥೆಟರ್‌ನ ತುದಿಯಲ್ಲಿರುವ ಒತ್ತಡ ಮಾನಿಟರ್‌ನಲ್ಲಿ ಗೆರೆಯಾಗಿ ಓಡುತ್ತಿರುತ್ತದೆ. ತುದಿ ಬಾಯಿಗೆ ತೀರಾ ಬಿಗಿಯಾಗಿ ಕೂತರೆ ಅಥವಾ ಗೋಡೆಗೆ ಒತ್ತಿಕೊಂಡರೆ ಆ ಗೆರೆ ಚಪ್ಪಟೆ ಆಗುತ್ತದೆ. ಆಗ ಡೈ ಒತ್ತಿದರೆ ರಕ್ತನಾಳದ ಒಳಪದರ ಸೀಳಿಕೊಳ್ಳಬಹುದು. ಹೃದಯದ ಬ್ಲಾಕ್ ತೆಗೆಯಲು ಹೋಗಿ ಬಾಯಲ್ಲೇ ಹೊಸ ಬ್ಲಾಕ್. ಅನುಭವಿ ಡಾಕ್ಟರ್‌ಗಳ ಕಣ್ಣು ಎಕ್ಸ್‌ರೇ ಚಿತ್ರಕ್ಕಿಂತ ಮೊದಲು ಆ ಗೆರೆಯ ಕಡೆ ಹೋಗುವುದು ಇದಕ್ಕೇ. ತುದಿಯ ಪಕ್ಕ ಸಣ್ಣ ತೂತುಗಳಿರುವ ಕ್ಯಾಥೆಟರ್‌ಗಳೂ ಇವೆ. ಅವುಗಳಿಂದ ಕೊರೊನರಿಗೆ ರಕ್ತ ಹರಿಯುತ್ತದೆ ನಿಜ. ಆದರೆ ಗೆರೆ ಚೆನ್ನಾಗಿಯೇ ಕಾಣುತ್ತದೆ, ತುದಿ ಗೋಡೆಗೆ ಒತ್ತಿಕೊಂಡಿದ್ದರೂ! ನನಗೆ ಇದು ಅರ್ಧ ಪರಿಹಾರ ಅಂತ ಅನ್ನಿಸುತ್ತದೆ.

ಆನಿಕೆ ಸಾಲದೇ ಹೋದರೆ ದಪ್ಪ ಕ್ಯಾಥೆಟರ್ ಹಾಕಿದರಾಯಿತು, ಅಲ್ವಾ? ತೊಡೆಯಲ್ಲಾದರೆ 7, 8 ಫ್ರೆಂಚ್ ನಡೆಯುತ್ತದೆ. ಮಣಿಕಟ್ಟಿನ ರಕ್ತನಾಳ ಬಹುಪಾಲು ಜನರಲ್ಲಿ 2ರಿಂದ 3 ಮಿಲಿಮೀಟರ್ ಮಾತ್ರ. 6 ಫ್ರೆಂಚ್ ಕ್ಯಾಥೆಟರ್ ಹೋಗುವುದು ಶೀತ್ ಅನ್ನುವ ಇನ್ನೊಂದು ಕೊಳವೆಯ ಒಳಗಿಂದ, ಅದರ ಹೊರ ಅಳತೆಯೇ ಸುಮಾರು 2.5 ಮಿಲಿಮೀಟರ್. ಹಾಗಾಗಿ ಕೆಲವರು 6 ಫ್ರೆಂಚ್ ಒಳಗಿಂದಲೇ ಇನ್ನೊಂದು ಮೆತ್ತನೆಯ ಕೊಳವೆಯನ್ನು ಕೊರೊನರಿಯ ಒಳಗಿನ ತನಕ ಇಳಿಸುತ್ತಾರೆ. ಅದಕ್ಕೆ ಗೈಡ್ ಎಕ್ಸ್‌ಟೆನ್ಷನ್ ಅಂತಾರೆ. ಇನ್ನು ಕೆಲವು ತಯಾರಕರು ಶೀತ್ ಅನ್ನೇ ಬಿಟ್ಟರು. ಆ ಶೀತ್‌ಲೆಸ್ ಕ್ಯಾಥೆಟರ್‌ಗಳಲ್ಲಿ 6.5 ಫ್ರೆಂಚ್‌ನದ್ದು ಹೊರಗಿನ ಅಳತೆಯಲ್ಲಿ 5 ಫ್ರೆಂಚ್ ಶೀತ್‌ಗಿಂತ, ಅಂದರೆ 5 ಫ್ರೆಂಚ್ ಕ್ಯಾಥೆಟರ್ ಹಿಡಿಸುವ ಶೀತ್‌ಗಿಂತ, ಸಣ್ಣ. ಮಣಿಕಟ್ಟಿಗೆ ಬೀಳುವ ತೂತು ಚಿಕ್ಕದಾಯಿತು, ಒಳಗೆ ಸ್ಟೆಂಟ್‌ಗೆ ಜಾಗ ಹೆಚ್ಚುಕಮ್ಮಿ ಅಷ್ಟೇ ಉಳಿಯಿತು.