ಗಾಡ್ಜಿಲ್ಲಾ ಅಭಿಮಾನಿಗಳ ಎರಡು ದೂರು

ಕೇಳುಗರಿಗೆ ನಮಸ್ಕಾರ.

2014ರ ಮೇ ತಿಂಗಳಲ್ಲಿ ಹಾಲಿವುಡ್‌ನಿಂದ ಗಾಡ್ಜಿಲ್ಲಾ ಅನ್ನುವ ದೈತ್ಯ ಮೃಗದ ಹೊಸ ಸಿನಿಮಾ ‘ಗಾಡ್ಜಿಲ್ಲಾ’ ಬಂತು. ನಿರ್ದೇಶಕ ಗ್ಯಾರೆತ್ ಎಡ್ವರ್ಡ್ಸ್. ನೋಡಿ ಹೊರಬಂದ ಅಭಿಮಾನಿಗಳಲ್ಲಿ ಎಷ್ಟೋ ಜನ ಕೇಳಿದ್ದು ಒಂದೇ ಪ್ರಶ್ನೆ. ಗಾಡ್ಜಿಲ್ಲಾ ಎಲ್ಲಿ? ಎರಡು ಗಂಟೆ ಮೇಲಿನ ಸಿನಿಮಾದಲ್ಲಿ ಅದು ಕಣ್ಣಿಗೆ ಬಿದ್ದಿದ್ದು ಹತ್ತು ನಿಮಿಷದ ಆಸುಪಾಸು. ಐದು ವರ್ಷ ಕಳೆದು, 2019ರ ಮೇ ಕೊನೆಗೆ ಎರಡನೇ ಭಾಗ ಬಂತು, ‘ಗಾಡ್ಜಿಲ್ಲಾ: ಕಿಂಗ್ ಆಫ್ ದಿ ಮಾನ್‌ಸ್ಟರ್ಸ್’. ಈ ಸಲ ನಿರ್ದೇಶಕ ಮೈಕಲ್ ಡೋಹರ್ಟಿ. ತೆರೆ ತುಂಬ ಮೃಗಗಳೋ ಮೃಗಗಳು. ಆದರೂ ದೂರು ತಪ್ಪಲಿಲ್ಲ. ಉಸಿರು ಬಿಡೋಕೆ ಪುರುಸೊತ್ತಿಲ್ಲ, ಮಳೆ ಮತ್ತು ಕತ್ತಲಲ್ಲಿ ಏನೂ ಕಾಣಲ್ಲ, ಮನುಷ್ಯರ ಕಥೆಯಲ್ಲಿ ಹುರುಳಿಲ್ಲ ಅಂತ.

ಹೊರಗಿನವರು ಇದನ್ನು ನೋಡಿ, ಇವರಿಗೆ ಕಡಿಮೆ ಕೊಟ್ಟರೂ ಕಷ್ಟ, ಜಾಸ್ತಿ ಕೊಟ್ಟರೂ ಕಷ್ಟ ಅಂದುಕೊಂಡರು. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡೂ ಸಲ ಅಭಿಮಾನಿಗಳು ಹೇಳಿದ್ದು ಒಂದೇ ದೂರು ಅಂತ ನನ್ನ ನಂಬಿಕೆ. ಅದು ಮೃಗ ಎಷ್ಟು ನಿಮಿಷ ಬಂತು ಅನ್ನುವ ಲೆಕ್ಕದ ದೂರಲ್ಲ. ಆ ಮೃಗವನ್ನು ಯಾರ ಕಣ್ಣಿಂದ ನೋಡುತ್ತಿದ್ದೇವೆ ಅನ್ನುವುದರ ದೂರು.

ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊದಲ ಗಾಡ್ಜಿಲ್ಲಾ ಬಂದದ್ದು 1954ರ ನವೆಂಬರ್‌ನಲ್ಲಿ, ಜಪಾನಿನ ತೋಹೋ ಕಂಪನಿಯಿಂದ. ನಿರ್ದೇಶಕ ಇಶಿರೋ ಹೋಂಡಾ. ಅದೇ ವರ್ಷ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತ್ತು. ಆ ಕಡೆ ಮೀನು ಹಿಡಿಯಲು ಹೋಗಿದ್ದ ಒಂದು ಜಪಾನಿ ದೋಣಿಯ ಮೇಲೆ ವಿಕಿರಣದ ಬೂದಿ ಸುರಿಯಿತು. ಹಿರೋಶಿಮಾ, ನಾಗಸಾಕಿಯ ಗಾಯ ಆರುವ ಮೊದಲೇ ಇದೂ ಆಯಿತು. ಆ ಭಯದಿಂದಲೇ ಹುಟ್ಟಿದ ಪ್ರಾಣಿ ಗಾಡ್ಜಿಲ್ಲಾ. ಹಾಗಾಗಿ ಮೊದಲ ಸಿನಿಮಾದಲ್ಲಿ ಕಟ್ಟಡಗಳು ಬೀಳುವುದಷ್ಟೇ ಇಲ್ಲ, ಆಸ್ಪತ್ರೆಯಲ್ಲಿ ಸಾಲಾಗಿ ಮಲಗಿಸಿದ ಗಾಯಾಳುಗಳೂ ಇದ್ದಾರೆ. ಮೃಗ ಎಷ್ಟು ದೊಡ್ಡದು ಅಂತ ನಮಗೆ ಗೊತ್ತಾಗುವುದು ಅವರ ಮುಖಗಳಿಂದ.

ಆಮೇಲೆ 1998ರಲ್ಲಿ ರೋಲೆಂಡ್ ಎಮರಿಕ್ ಅಮೆರಿಕದಲ್ಲಿ ಒಂದು ಗಾಡ್ಜಿಲ್ಲಾ ಮಾಡಿದರು. ಅದು ದೊಡ್ಡ ಓತಿಕ್ಯಾತದ ಹಾಗೆ ನ್ಯೂಯಾರ್ಕ್ ಬೀದಿಗಳಲ್ಲಿ ಓಡಿ, ಮೊಟ್ಟೆ ಇಟ್ಟು, ಕ್ಷಿಪಣಿ ತಗುಲಿ ಸತ್ತಿತು. ಅಭಿಮಾನಿಗಳು ಅದನ್ನು ಒಪ್ಪಲೇ ಇಲ್ಲ. ಗಾಡ್ಜಿಲ್ಲಾ ಯಾರಿಗೂ ಹೆದರಿ ಓಡುವುದಿಲ್ಲ ಅನ್ನುವುದು ಅವರ ಮೊದಲ ನಿಯಮ. ತೋಹೋದವರೇ ಮುಂದೆ ಆ ಪ್ರಾಣಿಗೆ ‘ಝಿಲ್ಲಾ’ ಅಂತ ಬೇರೆ ಹೆಸರಿಟ್ಟರು. 2004ರ ಜಪಾನಿ ಸಿನಿಮಾದಲ್ಲಿ ನಿಜವಾದ ಗಾಡ್ಜಿಲ್ಲಾ ಕೈಯಲ್ಲಿ ಅದಕ್ಕೆ ಕ್ಷಣಮಾತ್ರದಲ್ಲಿ ಸೋಲು ಕೊಡಿಸಿದರು. ಅಭಿಮಾನಿಗಳಿಗೆ ಆಗ ಆದ ಸಮಾಧಾನ ಅಷ್ಟಿಷ್ಟಲ್ಲ.

2014ರ ಸಿನಿಮಾ ಈ ಹಳೇ ನೋವಿಗೆ ಮದ್ದಾಗಬೇಕಿತ್ತು. ಹಿಂದೆ ಕಡಿಮೆ ದುಡ್ಡಿನಲ್ಲಿ ಒಂದೇ ಒಂದು ದೈತ್ಯಪ್ರಾಣಿ ಸಿನಿಮಾ ಮಾಡಿದ್ದ ಎಡ್ವರ್ಡ್ಸ್ ಅನ್ನುವ ಹುಡುಗನ ಕೈಗೆ ಇಷ್ಟು ದೊಡ್ಡ ಕೆಲಸ ಕೊಟ್ಟರು. ಈ ಗಾಡ್ಜಿಲ್ಲಾದ ಮೊದಲ ಫೋಟೋಗಳು ಹೊರಬಂದಾಗ ಜಪಾನಿನ ಕೆಲವು ಅಭಿಮಾನಿಗಳು ತಮಾಷೆ ಮಾಡಿದರು. ಇದೇನು, ಅಮೆರಿಕದ ಊಟ ತಿಂದು ದಪ್ಪ ಆಗಿಬಿಟ್ಟಿದೆಯಲ್ಲ ಅಂತ. ಕತ್ತು ದಪ್ಪ, ಭುಜ ದಪ್ಪ, ಎತ್ತರ 108 ಮೀಟರ್. 1954ರದ್ದು ಬರೀ 50 ಮೀಟರ್ ಇತ್ತು. ಈ ತಮಾಷೆಯಲ್ಲಿ ಪ್ರೀತಿಯೇ ಜಾಸ್ತಿ ಇತ್ತು. ನಮ್ಮ ಮನೆ ಹುಡುಗ ಹೊರದೇಶದಿಂದ ಬಂದಾಗ ಮೈ ಕಟ್ಟು ನೋಡಿ ಮಾತಾಡುವುದಿಲ್ಲವೇ, ಅಂಥದ್ದು.

ಈಗ ಹೊನೊಲುಲು ವಿಮಾನ ನಿಲ್ದಾಣದ ದೃಶ್ಯಕ್ಕೆ ಬರೋಣ. ಅಭಿಮಾನಿಗಳ ಜಗಳಕ್ಕೆಲ್ಲ ಇದೇ ಮೂಲ. ಸಿನಿಮಾ ಶುರುವಾಗಿ ಸುಮಾರು ಒಂದು ಗಂಟೆ ಆಗಿರುತ್ತದೆ. ಅಲ್ಲಿಯವರೆಗೆ ಗಾಡ್ಜಿಲ್ಲಾದ ಬೆನ್ನಿನ ಮುಳ್ಳುಗಳಷ್ಟೇ ನೀರಿನ ಮೇಲೆ ಕಂಡಿವೆ. ಮ್ಯೂಟೋ ಅನ್ನುವ ಶತ್ರು ಪ್ರಾಣಿ ವಿಮಾನಗಳನ್ನು ಪುಡಿ ಮಾಡುತ್ತಿದೆ. ಆಗ ಒಂದು ಕಾಲು ಬಂದು ನೆಲಕ್ಕೆ ಊರುತ್ತದೆ. ಕ್ಯಾಮೆರಾ ಮೆಲ್ಲಗೆ ಮೇಲೆ ಹೋಗುತ್ತದೆ. ಹೊಟ್ಟೆ, ಎದೆ, ಕತ್ತು, ಮುಖ. ಎದೆ ತುಂಬ ಗಾಳಿ ಎಳೆದು ಒಂದು ಗರ್ಜನೆ. ಇನ್ನೇನು ಹೊಡೆದಾಟ ಶುರು ಅಂದುಕೊಂಡರೆ, ದೃಶ್ಯ ಕಟ್! ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮನೆ, ಸೋಫಾ ಮೇಲೆ ಒಬ್ಬ ಚಿಕ್ಕ ಹುಡುಗ, ಟಿವಿಯಲ್ಲಿ ಸುದ್ದಿ. ಹೊಡೆದಾಟ ನಡೆಯುತ್ತಿರುವುದು ಆ ಪುಟ್ಟ ಟಿವಿಯೊಳಗೆ. ಮುಂದೆ ಇನ್ನೊಂದು ಕಡೆಯೂ ಹೀಗೇ ಮಾಡುತ್ತಾರೆ. ಎರಡು ಮೃಗಗಳು ಎದುರುಬದುರು ಬರುತ್ತವೆ, ಅಷ್ಟರಲ್ಲಿ ಜನ ಅಡಗಿಕೊಂಡ ಸುರಂಗದ ಬಾಗಿಲು ನಮ್ಮ ಮುಖದ ಮೇಲೇ ಮುಚ್ಚಿಕೊಳ್ಳುತ್ತದೆ.

ಎಷ್ಟೋ ಜನಕ್ಕೆ ಇದು ಮೋಸ ಅನ್ನಿಸಿತು. ಟಿಕೆಟ್ ಕೊಟ್ಟು ಬಂದಿದ್ದೇವೆ, ತೋರಿಸಿ ಸ್ವಾಮಿ ಅನ್ನುವ ಸಿಟ್ಟು. ಇನ್ನು ಕೆಲವರಿಗೆ ಇದೇ ಸಿನಿಮಾದ ಜೀವ. ನಾನು ಈ ಎರಡನೇ ಗುಂಪಿನವನು. ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಧೂಳಿನ ಕತ್ತಲಲ್ಲಿ, ಗಾಡ್ಜಿಲ್ಲಾ ಬೆಂಕಿ ಉಗುಳುವ ಮುಂಚೆ ಬಾಲದ ತುದಿಯಿಂದ ಒಂದೊಂದೇ ಮುಳ್ಳು ನೀಲಿಯಾಗಿ ಹೊತ್ತಿಕೊಳ್ಳುತ್ತಾ ಮೇಲೆ ಬರುತ್ತದಲ್ಲ, ಆಗ ಥಿಯೇಟರ್‌ನಲ್ಲಿ ಬಿದ್ದ ಶಿಳ್ಳೆಗೆ ಆ ಕಾಯುವಿಕೆಯೇ ಕಾರಣ. ಮೊದಲೇ ಮೂರು ಸಲ ಬೆಂಕಿ ಉಗುಳಿದ್ದರೆ ಆ ಶಿಳ್ಳೆ ಬೀಳುತ್ತಿರಲಿಲ್ಲ.

ಆದರೆ ಸಿಟ್ಟಾದವರ ಮಾತಲ್ಲೂ ನಿಜ ಇದೆ. ಸ್ವಲ್ಪ ಯೋಚನೆ ಮಾಡಿ. ಮೃಗ ಕಾಣದೇ ಇದ್ದಾಗ ನಾವು ಯಾರನ್ನು ನೋಡುತ್ತಿದ್ದೆವು? ಸಿನಿಮಾದ ಮೊದಲ ಭಾಗದಲ್ಲಿ ಬ್ರಯನ್ ಕ್ರಾನ್‌ಸ್ಟನ್ ಇದ್ದಾರೆ. ಅಣುಸ್ಥಾವರದ ದುರಂತದಲ್ಲಿ, ಬಾಗಿಲಿನ ಗಾಜಿನ ಆಚೆ ಹೆಂಡತಿ ಸಾಯುವುದನ್ನು ನೋಡುತ್ತಾ ನಿಂತ ಎಂಜಿನಿಯರ್. ಹದಿನೈದು ವರ್ಷ ಆದ ಮೇಲೂ ಸತ್ಯ ಹುಡುಕುತ್ತಲೇ ಇದ್ದಾನೆ. ಟ್ರೇಲರ್ ತುಂಬ ಅವರೇ. ಅವರ ಮುಖ ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಕಾಯಬಹುದಿತ್ತು. ಅವರನ್ನು ಅರ್ಧಕ್ಕೂ ಮುಂಚೆಯೇ ಸಾಯಿಸಿಬಿಡುತ್ತಾರೆ. ಆಮೇಲೆ ಕಥೆ ಅವರ ಮಗನ ಹೆಗಲಿಗೆ ಬೀಳುತ್ತದೆ. ಅವನು ಸೈನಿಕ, ಧೈರ್ಯವಂತ, ಮನೆಗೆ ಹೋಗಬೇಕು. ಅಷ್ಟು ಬಿಟ್ಟರೆ ಅವನ ಬಗ್ಗೆ ನಮಗೆ ಏನೂ ಗೊತ್ತಾಗುವುದಿಲ್ಲ. ಕ್ರಾನ್‌ಸ್ಟನ್ ಕೊನೆತನಕ ಇದ್ದಿದ್ದರೆ ಆ ಹತ್ತು ನಿಮಿಷದ ಲೆಕ್ಕವನ್ನು ಯಾರೂ ಹಾಕುತ್ತಿರಲಿಲ್ಲ.

ರೇಡಿಯೋದಲ್ಲಿ ಮಾತಾಡುತ್ತಿರುವುದರಿಂದ ಆ ಗರ್ಜನೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1954ರಲ್ಲಿ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಪ್ರಾಣಿಗಳ ದನಿಯನ್ನು ಬಳಸಲಿಲ್ಲ. ಡಬಲ್ ಬೇಸ್ ಅನ್ನುವ ದೊಡ್ಡ ತಂತಿವಾದ್ಯದ ತಂತಿ ಸಡಿಲಿಸಿ, ಅಂಟು ಸವರಿದ ಚರ್ಮದ ಕೈಗವಸಿನಿಂದ ತಿಕ್ಕಿ, ಆ ಶಬ್ದದ ವೇಗ ಬದಲಿಸಿ ಗರ್ಜನೆ ಮಾಡಿದರು. 2014ರಲ್ಲಿ ಎರಿಕ್ ಆಡಾಲ್ ಮತ್ತು ಈಥನ್ ವ್ಯಾನ್ ಡರ್ ರೈನ್ ಅನ್ನುವ ಶಬ್ದ ವಿನ್ಯಾಸಕರು ಅದಕ್ಕೆ ಹೊಸ ರೂಪ ಕೊಟ್ಟರು. ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಇಡುವಂಥ ಸ್ಪೀಕರ್ ಗೋಡೆಯನ್ನೇ ಸ್ಟುಡಿಯೋದ ಬಯಲಿನಲ್ಲಿ ನಿಲ್ಲಿಸಿ, ಗರ್ಜನೆಯನ್ನು ಅದರಲ್ಲಿ ಹಾಕಿ, ಅಲ್ಲಿನ ಸೆಟ್ ಕಟ್ಟಡಗಳಿಗೆ ಬಡಿದು ವಾಪಸ್ ಬರುವ ಶಬ್ದವನ್ನು ಮತ್ತೆ ರೆಕಾರ್ಡ್ ಮಾಡಿಕೊಂಡರು. ಅದಕ್ಕೇ ಆ ಸಿನಿಮಾದಲ್ಲಿ ಗರ್ಜನೆ ಕೇಳಿದರೆ ಊರಿನ ಬೀದಿಗಳೂ ಕಿವಿಗೆ ಬೀಳುತ್ತವೆ. ಈ ಗರ್ಜನೆ ಬಗ್ಗೆ ಮಾತ್ರ ಅಭಿಮಾನಿಗಳಲ್ಲಿ ಜಗಳ ಕಡಿಮೆ. ಎಲ್ಲರಿಗೂ ಮೈ ಜುಮ್ ಅಂದಿತ್ತು.

ಒಂದು ಕೊರತೆ ಮಾತ್ರ ಉಳಿಯಿತು. ಇಫುಕುಬೆಯ ಹಳೇ ಸಂಗೀತ 2014ರ ಸಿನಿಮಾದಲ್ಲಿ ಇರಲಿಲ್ಲ. ಎರಡನೇ ಭಾಗ ಬಂದಾಗ ಅಭಿಮಾನಿಗಳ ಮನಸ್ಸು ಗೆದ್ದದ್ದು ಮೊದಲು ಸಂಗೀತವೇ. ಬೇರ್ ಮೆಕ್ರಿಯರಿ ಆ ಹಳೇ ಗಾಡ್ಜಿಲ್ಲಾ ರಾಗವನ್ನು ದೊಡ್ಡ ವಾದ್ಯವೃಂದ, ಕೋರಸ್ ಸಮೇತ ವಾಪಸ್ ತಂದರು. ಯೂಜಿ ಕೊಸೆಕಿ ಮಾಡಿದ್ದ, ಮೋಥ್ರಾ ಅನ್ನುವ ದೈತ್ಯ ಪತಂಗದ ಹಾಡಿನ ರಾಗವೂ ಬಂತು. ಅದಕ್ಕೂ ಮುಂಚೆ 2018ರ ಜುಲೈನಲ್ಲಿ ಬಂದ ಟ್ರೇಲರ್‌ಗೆ ಫ್ರೆಂಚ್ ಸಂಗೀತಗಾರ ಡೆಬ್ಯುಸಿಯ ‘ಬೆಳದಿಂಗಳು’ ಅನ್ನುವ ಮೆದುವಾದ ಪಿಯಾನೋ ಸಂಗೀತ ಹಾಕಿದ್ದರು. ಊರು ಕೇರಿ ನಾಶವಾಗುತ್ತಿದ್ದರೂ ಕೇಳುವುದು ಬೆಳದಿಂಗಳ ಸಂಗೀತ. ಸಿನಿಮಾಗಿಂತ ಟ್ರೇಲರೇ ಚೆನ್ನಾಗಿದೆ ಅಂತ ಇವತ್ತಿಗೂ ಹೇಳುವವರಿದ್ದಾರೆ.

ಡೋಹರ್ಟಿ ಚಿಕ್ಕಂದಿನಿಂದ ಈ ಸಿನಿಮಾಗಳನ್ನು ನೋಡಿ ಬೆಳೆದವರು. ಅದು ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ. ಹಳೇ ಜಪಾನಿ ಸಿನಿಮಾಗಳಲ್ಲಿ ಮೋಥ್ರಾ ಜೊತೆ ಇಬ್ಬರು ಪುಟಾಣಿ ಅವಳಿ ಹೆಣ್ಣುಮಕ್ಕಳು ಇರುತ್ತಿದ್ದರು. ಇಲ್ಲಿ ಝಾಂಗ್ ಝಿಯಿ ಅವಳಿ ವಿಜ್ಞಾನಿಗಳಾಗಿ ಬರುತ್ತಾರೆ. ಆ ಮನೆತನದಲ್ಲಿ ತಲೆಮಾರಿನಿಂದ ಅವಳಿಗಳೇ ಅಂತ ಒಂದು ಫೋಟೋ ತೋರಿಸಿ ಸುಮ್ಮನಾಗುತ್ತಾರೆ. ಗೊತ್ತಿದ್ದವರಿಗೆ ಅಷ್ಟು ಸಾಕು. ಇನ್ನು ಗಾಡ್ಜಿಲ್ಲಾದ ಶತ್ರು, ಮೂರು ತಲೆಯ ಡ್ರ್ಯಾಗನ್ ಗಿಡೋರಾ. ಮೂರು ತಲೆಗೂ ಮೂರು ಸ್ವಭಾವ. ಅಂಟಾರ್ಕ್ಟಿಕಾದ ಮಂಜಿನಲ್ಲಿ ಎಡಗಡೆ ತಲೆ ಸತ್ತ ಸೈನಿಕರ ಹತ್ತಿರ ಕುತೂಹಲದಿಂದ ಬಗ್ಗುತ್ತದೆ. ನಡುವಿನ ತಲೆ ಅದನ್ನು ಗದರಿಸುತ್ತದೆ. ಕೆಲವೇ ಕ್ಷಣದ ವಿಷಯ. ಅಭಿಮಾನಿಗಳು ಆ ಪೆದ್ದು ತಲೆಯನ್ನು ಕೆವಿನ್ ಅಂತ ಕರೆದು, ಚಿತ್ರ ಬರೆದು, ತಲೆ ಮೇಲೆ ಹೊತ್ತುಕೊಂಡರು.

ವಿಮರ್ಶಕರು ಮಾತ್ರ ಕೈ ಹಿಡಿಯಲಿಲ್ಲ. ಮೊದಲ ಭಾಗ ಅಮೆರಿಕದಲ್ಲಿ ಮೊದಲ ಮೂರು ದಿನಕ್ಕೆ 9.3 ಕೋಟಿ ಡಾಲರ್ ಗಳಿಸಿತ್ತು. ಇದಕ್ಕೆ ಬಂದದ್ದು ಹೆಚ್ಚುಕಮ್ಮಿ ಅದರ ಅರ್ಧ. ಅಭಿಮಾನಿಗಳು ಸಿನಿಮಾ ಪರ ನಿಂತರು, ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ. ಮಗನನ್ನು ಕಳೆದುಕೊಂಡ ತಾಯಿ, ಭೂಮಿಯನ್ನು ಉಳಿಸುತ್ತೇನೆ ಅಂತ ಮೃಗಗಳನ್ನು ಎಬ್ಬಿಸುವ ಕಥೆಯನ್ನು ಅವರೂ ನಂಬಲಿಲ್ಲ. ಹೊಡೆದಾಟ ಜೋರಾದಾಗಲೆಲ್ಲ ಆ ಕುಟುಂಬದ ಜಗಳಕ್ಕೆ ಯಾಕೆ ಹೋಗುತ್ತೀರಿ ಅಂತ ಕೇಳಿದರು. ಮೃಗಗಳು ಬೇಕಾದಷ್ಟಿವೆ, ಮಳೆ, ಮಂಜು, ಬೂದಿಯ ಮಧ್ಯೆ ಅವುಗಳ ಗಾತ್ರ ಅಳೆಯಲು ಒಂದು ನೆಚ್ಚಿನ ಮನುಷ್ಯ ಮುಖ ಇಲ್ಲ. ದೂರು ಅಲ್ಲಿಗೇ ಬಂತು, ಅಲ್ವಾ?

ಆದರೆ ಒಂದು ಮುಖ ಇದೆ. ಎರಡೂ ಭಾಗಗಳಲ್ಲಿ ಬರುವ ಡಾಕ್ಟರ್ ಸೆರಿಜಾವಾ. ಕೆನ್ ವಾತಾನಾಬೆ ಮಾಡಿದ ಪಾತ್ರ. 2014ರಲ್ಲಿ ಇವರು ಅಮೆರಿಕದ ನೌಕಾಪಡೆಯ ಅಧಿಕಾರಿಗೆ ಒಂದು ಹಳೇ ಜೇಬಿನ ಗಡಿಯಾರ ತೋರಿಸುತ್ತಾರೆ. ಅದು ನಿಂತಿರುವುದು 8 ಗಂಟೆ 15 ನಿಮಿಷಕ್ಕೆ. ಹಿರೋಶಿಮಾ ಅಂತ ಅಧಿಕಾರಿಗೆ ಗೊತ್ತಾಗುತ್ತದೆ. ಅದು ನನ್ನ ತಂದೆಯದು ಅಂತ ಹೇಳಿ ಹೊರಟುಹೋಗುತ್ತಾರೆ. 2019ರಲ್ಲಿ ಗಾಡ್ಜಿಲ್ಲಾ ಸಮುದ್ರದ ತಳದಲ್ಲಿ ಸೋತು ಮಲಗಿದೆ. ಅದನ್ನು ಎಬ್ಬಿಸಲು ಅಣುಬಾಂಬನ್ನು ಯಾರಾದರೂ ಕೈಯಾರೆ ಒಯ್ದು ಸಿಡಿಸಬೇಕು. ಹೋದವರು ವಾಪಸ್ ಬರುವುದಿಲ್ಲ. ಸೆರಿಜಾವಾ ಹೋಗುತ್ತಾರೆ. ಶಿರಸ್ತ್ರಾಣ ತೆಗೆದು, ಕೈಗವಸು ತೆಗೆದು, ಆ ಒರಟು ಚರ್ಮದ ಮೇಲೆ ಬರಿಗೈ ಇಟ್ಟು, ಜಪಾನಿ ಭಾಷೆಯಲ್ಲಿ ಗೆಳೆಯನಿಗೆ ವಿದಾಯ ಹೇಳುತ್ತಾರೆ.

ಈ ದೃಶ್ಯದಲ್ಲಿ ಅತ್ತವರು ಬಹಳ. ಇದೇ ದೃಶ್ಯಕ್ಕೆ ಸಿಟ್ಟಾದವರೂ ಇದ್ದಾರೆ. 1954ರ ಸೆರಿಜಾವಾ ಗಾಡ್ಜಿಲ್ಲಾವನ್ನು ಕೊಲ್ಲುವ ಆಯುಧ ಕಂಡುಹಿಡಿದವನು. ಆ ವಿದ್ಯೆ ಇನ್ನೊಬ್ಬರ ಕೈಗೆ ಸಿಕ್ಕಬಾರದು ಅಂತ ಕಾಗದಪತ್ರ ಎಲ್ಲ ಸುಟ್ಟು, ಟೋಕಿಯೋ ಕೊಲ್ಲಿಯ ತಳದಲ್ಲಿ ತನ್ನ ಹಗ್ಗವನ್ನು ತಾನೇ ಕತ್ತರಿಸಿಕೊಂಡು ಸತ್ತವನು. ಅವನ ಹೆಸರಿನವನು ಈಗ ಗಾಡ್ಜಿಲ್ಲಾ ಬದುಕಲಿ ಅಂತ ಬಾಂಬ್ ಸಿಡಿಸುತ್ತಾನೆ. ಬಾಂಬಿಗೆ ಹೆದರಿ ಹುಟ್ಟಿದ ಕಥೆಯಲ್ಲಿ ಬಾಂಬೇ ಔಷಧಿ ಆಗಿಬಿಟ್ಟಿತಲ್ಲ ಅನ್ನುವುದು ಹಳಬರ ಸಂಕಟ. ಆ ಸಂಕಟ ಸುಳ್ಳಲ್ಲ. ಹಿರೋಶಿಮಾದ ಗಡಿಯಾರ ಇಟ್ಟುಕೊಂಡಿದ್ದವನ ಕೈಲೇ ಅದನ್ನು ಮಾಡಿಸಬಾರದಿತ್ತು ಅಂತ ನನಗೂ ಅನ್ನಿಸುತ್ತದೆ. ಹಾಗಿದ್ದೂ ಆ ದೃಶ್ಯ ಬಂದಾಗ ಕಣ್ಣು ಒದ್ದೆಯಾಗುತ್ತದೆ. ಯಾಕೆಂದರೆ ಇಡೀ ಸಿನಿಮಾದಲ್ಲಿ ಗಾಡ್ಜಿಲ್ಲಾವನ್ನು ನಿಜವಾಗಿ ನೋಡುವ ಮನುಷ್ಯ ಅವರೊಬ್ಬರೇ.

2023ರಲ್ಲಿ ಜಪಾನಿನಿಂದಲೇ ‘ಗಾಡ್ಜಿಲ್ಲಾ ಮೈನಸ್ ಒನ್’ ಬಂತು. ನಿರ್ದೇಶಕ ತಕಾಶಿ ಯಾಮಝಾಕಿ. ಮರುವರ್ಷ ದೃಶ್ಯ ಪರಿಣಾಮಗಳಿಗೆ ಆಸ್ಕರ್ ಗೆದ್ದಿತು. ಈ ಸರಣಿಗೆ ಸಿಕ್ಕ ಮೊದಲ ಆಸ್ಕರ್ ಅದು. ಅದರಲ್ಲೂ ಮೃಗ ಬರುವುದು ಕಡಿಮೆ ಹೊತ್ತೇ. ಉಳಿದದ್ದೆಲ್ಲ ಯುದ್ಧದಿಂದ ಸೋತು ಬಂದ ಒಬ್ಬ ವಿಮಾನ ಚಾಲಕನ ಬದುಕು. ಆದರೆ ಗಾಡ್ಜಿಲ್ಲಾ ಎಲ್ಲಿ ಅಂತ ಈ ಸಲ ಗಲಾಟೆ ಏಳಲಿಲ್ಲ.

ಎರಡು ಅಮೆರಿಕನ್ ಸಿನಿಮಾಗಳನ್ನು ನೋಡದವರು ಇದ್ದರೆ, ಮೊದಲು 1954ರದ್ದನ್ನು ನೋಡಿ, ಆಮೇಲೆ ಇವಕ್ಕೆ ಬನ್ನಿ. ಫೋನಿನಲ್ಲಿ ಬೇಡ. ಕತ್ತಲ ದೃಶ್ಯಗಳೇ ಜಾಸ್ತಿ ಇರುವುದರಿಂದ ದೀಪ ಆರಿಸಿ, ಸ್ಪೀಕರ್ ಜೋರಾಗಿ ಇಟ್ಟು ನೋಡಿ. 2019ರದ್ದು ಮುಗಿದ ತಕ್ಷಣ ಏಳಬೇಡಿ. ಕೊನೆಯಲ್ಲಿ ಹರುವೋ ನಕಾಜಿಮಾ ಅವರಿಗೆ ನಮನ ಸಲ್ಲಿಸಿದ್ದಾರೆ. 1954ರಲ್ಲಿ ಆ ಭಾರದ ರಬ್ಬರ್ ವೇಷದೊಳಗೆ ಸ್ಟುಡಿಯೋ ದೀಪಗಳ ಕಾವಿನಲ್ಲಿ ಬೆವರಿ, ಗಾಡ್ಜಿಲ್ಲಾಗೆ ನಡಿಗೆ ಕಲಿಸಿದವರು ಅವರು. 2017ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಹೆಸರು ಓದಿಕೊಂಡೇ ಎದ್ದೇಳಿ.

ನಮಸ್ಕಾರ.