ಅಜ್ಜನ ಫಿಯೆಟ್ ಮೊಮ್ಮಕ್ಕಳ ಕೈಗೆ: ಹಳೆಯ ಕಾರು ಮನೆಯಲ್ಲೇ ಉಳಿಯಬೇಕಾದರೆ

(ದೃಶ್ಯ: ಸಾಗರದ ಮನೆಯಂಗಳ, ಬೆಳಗಿನ ಹೊತ್ತು. ಬೂದು ಬಣ್ಣದ ಫಿಯೆಟ್, ಬಾನೆಟ್ ತೆರೆದಿದೆ.)

ನಮಸ್ಕಾರ. ಇದು 1967ರ ಫಿಯೆಟ್ 1100 ಡಿಲೈಟ್. ಕೊಂಡವರು ನಮ್ಮ ಅಜ್ಜ. ಈಗ ಓಡಿಸುವವಳು ನನ್ನ ಅಕ್ಕನ ಮಗಳು. ನಡುವೆ 11 ವರ್ಷ ಈ ಕಾರು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ, ಟಾರ್ಪಾಲಿನ ಅಡಿಯಲ್ಲಿ, ಯಾರೂ ಮುಟ್ಟದೆ ನಿಂತಿತ್ತು. ಇವತ್ತು ಮುಖ್ಯವಾಗಿ ಆ 11 ವರ್ಷಗಳ ಬಗ್ಗೆಯೇ ಹೇಳಬೇಕು.

ಕೆಟ್ಟು ನಿಂತ ಕಾರಲ್ಲ ಇದು. 1989ರಲ್ಲಿ ಅಜ್ಜ ತೀರಿಕೊಂಡರು. ಆರ್‌ಸಿ (ನೋಂದಣಿ ಪತ್ರ) ಅವರ ಹೆಸರಿನಲ್ಲೇ ಉಳಿಯಿತು. ಗಂಡುಮಕ್ಕಳು ಮೂವರು. ದೊಡ್ಡಪ್ಪ ನೋಡಿಕೊಳ್ಳುತ್ತಾರೆ ಎಂದು ಅಪ್ಪ ಸುಮ್ಮನಿದ್ದರು. ಊರಿನಲ್ಲೇ ತಮ್ಮ ಇದ್ದಾನಲ್ಲ ಎಂದು ದೊಡ್ಡಪ್ಪ ಸುಮ್ಮನಾದರು. ಇಬ್ಬರು ಅಣ್ಣಂದಿರಿರುವಾಗ ತಾನು ಮುಂದೆ ಬೀಳುವುದು ಸರಿಯಲ್ಲ ಎಂದು ಚಿಕ್ಕಪ್ಪ ಹಿಂದುಳಿದರು. ಜಗಳವಿರಲಿಲ್ಲ. ಕಾರಿನ ಮೇಲೆ ಮೂವರಿಗೂ ಪ್ರೀತಿಯಿತ್ತು. ಹೊಣೆ ಮಾತ್ರ ಯಾರ ಹೆಗಲಿಗೂ ಬೀಳಲಿಲ್ಲ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ನೋಡಿ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ಉಳಿದ ವಾರಸುದಾರರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಹದಿಮೂರನೆಯ ದಿನದ ಊಟಕ್ಕೆ ಎಲ್ಲರೂ ಸೇರಿರುತ್ತಾರಲ್ಲ, ಆಗಲೇ ಈ ಮಾತು ಎತ್ತಿ. ಆಮೇಲೆ ಒಬ್ಬರು ಮುಂಬೈ, ಒಬ್ಬರು ಅಮೆರಿಕ ಎಂದಾದರೆ ಒಂದೊಂದು ಸಹಿಗೂ ವರ್ಷ ಹಿಡಿಯುತ್ತದೆ. 2021ರಿಂದ ಆರ್‌ಸಿಯಲ್ಲಿ ನಾಮಿನಿಯ ಹೆಸರನ್ನೂ ಸೇರಿಸಬಹುದು. ಹಿರಿಯರು ಚೆನ್ನಾಗಿರುವಾಗಲೇ ಸೇರಿಸಿಬಿಡಿ.

(ದೃಶ್ಯ: ಕಾರಿನ ನೆಲದ ರಬ್ಬರ್ ಮ್ಯಾಟ್ ಎತ್ತುವುದು. ಬೆಸುಗೆ ಹಾಕಿದ ತಗಡು.)

ಚಾಲಕನ ಕಾಲ ಕೆಳಗಿನ ಈ ತಗಡು ನೋಡಿ, ಇದು ಹೊಸದು. 2000ರಲ್ಲಿ ಟಾರ್ಪಾಲು ತೆಗೆದಾಗ ಇಲ್ಲಿ ಬೆರಳು ಒತ್ತಿದರೆ ಬಿಸ್ಕತ್ತಿನಂತೆ ಪುಡಿಯಾಗುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಕಾರಿಗೆ ಪ್ಲಾಸ್ಟಿಕ್ ಹೊದಿಸುವಷ್ಟು ದೊಡ್ಡ ತಪ್ಪು ಬೇರೆ ಇಲ್ಲ. ನೆಲದಿಂದ ಮೇಲೇಳುವ ತೇವ ಅದರೊಳಗೇ ಬೆವರಾಗಿ ನಿಲ್ಲುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿರುವಾಗಲೇ ತುಕ್ಕು ಕೆಳಗಿನಿಂದ ತಿನ್ನುತ್ತಾ ಬರುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಸಾಕು. ಗಾಳಿಯಾಡುವ ಶೆಡ್ಡು ಅದಕ್ಕಿಂತ ಒಳ್ಳೆಯದು. ವೈರು ಕಡಿಯುವ ಇಲಿಗಳ ಕಾಟಕ್ಕೆ ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡುವುದಲ್ಲದೆ ಬೇರೆ ದಾರಿ ನನಗೆ ಕಂಡಿಲ್ಲ.

ಇನ್ನು ಬಿಡಿಭಾಗ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸಿದ ಈ ಡಿಲೈಟ್ 1964ರಲ್ಲಿ ಬಂತು. 1974ರಿಂದ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾದದ್ದೂ ಬಹುಪಾಲು ಇದೇ ಕಾರು, ಅದೇ 1089 ಸಿಸಿ ಎಂಜಿನ್. 2000ದ ಆಸುಪಾಸಿನವರೆಗೂ ಅದು ತಯಾರಾಗುತ್ತಿತ್ತು. ಹಾಗಾಗಿ ಪದ್ಮಿನಿಯ ಎಷ್ಟೋ ಭಾಗಗಳು ಇದಕ್ಕೆ ಕೂರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿ ಅಂಗಡಿಗಳಲ್ಲೂ ಹುಡುಕಿ ತಂದವು ನಮ್ಮಲ್ಲಿ ಒಂದು ಪೆಟ್ಟಿಗೆ ತುಂಬ ಇವೆ. ಆದರೆ 2023ರ ಅಕ್ಟೋಬರ್ ಕೊನೆಗೆ ಮುಂಬೈನ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗಿಯಿತು. ಅಷ್ಟು ಟ್ಯಾಕ್ಸಿಗಳು ಓಡುತ್ತಿದ್ದುದರಿಂದಲೇ ಈ ಭಾಗಗಳಿಗೆ ಗಿರಾಕಿಗಳಿದ್ದರು. ಬೇಕಾದುದನ್ನು ಈಗಲೇ ತೆಗೆದಿಡಿ ಎನ್ನುವುದು ಅದಕ್ಕೇ.

ನಮಗೆ ಆದ ಒಂದು ನಷ್ಟ ಹೇಳುತ್ತೇನೆ. ದುರಸ್ತಿಗೆ ಬಿಟ್ಟ ಗ್ಯಾರೇಜೊಂದರಲ್ಲಿ ಕಾರಿನ ಮೂಲ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ತೆಗೆದು ಬೇರೊಂದನ್ನು ಕೂರಿಸಿ ಕಳಿಸಿದರು. ಹಳೆಯದನ್ನು ಕೇಳಿದರೆ ಗುಜರಿಗೆ ಹೋಯಿತೆಂದರು. ಅಜ್ಜ ತಮ್ಮ ಕೈಯಾರೆ ಎಷ್ಟೋ ಸಲ ಬಿಚ್ಚಿ ತೊಳೆದು ಜೋಡಿಸಿದ್ದು ಅದು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಂದಿನಿಂದ ನಮ್ಮಲ್ಲೊಂದು ಕಟ್ಟಳೆಯಿದೆ: ಕೊಡುವ ಮೊದಲು ಫೋಟೊ, ತರುವಾಗ ತೆಗೆದ ಹಳೆಯ ಭಾಗಗಳೆಲ್ಲ ಒಂದು ಚೀಲದಲ್ಲಿ ವಾಪಸ್.

(ದೃಶ್ಯ: ಪೆಟ್ರೋಲ್ ಪೈಪಿನ ಹತ್ತಿರದ ನೋಟ. ಹಳೆಯ, ಉಬ್ಬಿದ ರಬ್ಬರ್ ತುಂಡು ಕೈಯಲ್ಲಿ.)

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಈ ಕಾರು ಹುಟ್ಟಿದಾಗ ಅಂಥ ಇಂಧನವನ್ನು ಯಾರೂ ಎಣಿಸಿರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆದುವಾಗಿಸುತ್ತದೆ, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೆ ಆ ನೀರು ಟ್ಯಾಂಕಿನ ತಳಕ್ಕೆ ಇಳಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ. ತುಕ್ಕಿನ ಪುಡಿ ಬಂದು ಕಾರ್ಬ್ಯುರೇಟರಿನ ಜೆಟ್ ಎಂಬ ಸಣ್ಣ ರಂಧ್ರದಲ್ಲಿ ಕೂರುತ್ತದೆ. ಪೈಪುಗಳನ್ನೂ ಪಂಪಿನ ಡಯಾಫ್ರಮ್ ಎಂಬ ಪೊರೆಯನ್ನೂ ಎಥನಾಲ್ ತಾಳುವಂಥವುಗಳಿಗೆ ಬದಲಿಸಿ. ಕಾರನ್ನು ಬಹಳ ಕಾಲ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ.

ವಿಂಟೇಜ್ ನೋಂದಣಿಯ ಬಗ್ಗೆ ಹಲವರು ಕೇಳುತ್ತಾರೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ವಾಹನಕ್ಕೆ ಅದು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಮೊದಲೇ ನೋಂದಣಿಯಾಗಿರುವ ಕಾರಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥ ಕೆಲಸಗಳಿಗಷ್ಟೇ ಅದು ರಸ್ತೆಗಿಳಿಯಬೇಕು, ದಿನಬಳಕೆಗೆ ಅವಕಾಶವಿಲ್ಲ. ನಾವು ಆ ದಾರಿ ಹಿಡಿಯಲಿಲ್ಲ. ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಸಾಮಾನ್ಯ ಆರ್‌ಸಿಯನ್ನೇ ನವೀಕರಿಸುತ್ತೇವೆ. ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರು ಹಾಗೇ ಇದೆ. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದಾಗಲೆಲ್ಲ ನನಗೆ ಮನಸ್ಸು ತುಂಬುತ್ತದೆ. ಆದರೂ ಮನೆಯ ಕಾರು ಮನೆಯವರನ್ನು ಹೊತ್ತುಕೊಂಡು ಹೋಗಬೇಕು ಎಂಬುದು ನನ್ನ ಹಟ.

(ದೃಶ್ಯ: ಹಳೆಯ ರಟ್ಟಿನ ನೋಟುಪುಸ್ತಕ, ನೀಲಿ ಶಾಯಿಯ ಬರಹ.)

ಇದು ಅಜ್ಜನ ಪುಸ್ತಕ. ಯಾವ ದಿನ ಗ್ರೀಸ್ ಹೊಡೆದದ್ದು, ಯಾವ ಬುಷ್ ಬದಲಿಸಿದ್ದು, ಚಳಿಗಾಲದಲ್ಲಿ ಚೋಕ್ ಎಷ್ಟು ಎಳೆಯಬೇಕು, ಎಲ್ಲವೂ ಇದೆ. ನಮ್ಮಪ್ಪ ಕಾರನ್ನು ಮತ್ತೆ ಎಬ್ಬಿಸಿದ್ದು ಇದನ್ನು ಓದಿಕೊಂಡೇ. ಆದರೆ ಇದರಲ್ಲಿ ಬರೆಯಲಾಗದ್ದೂ ಇದೆ. ಸ್ಟೀರಿಂಗ್ ಪಕ್ಕದ ಗೇರನ್ನು ಎರಡರಿಂದ ಮೂರಕ್ಕೆ ಒಯ್ಯುವಾಗ ನಡುವೆ ಒಂದು ಉಸಿರು ತಡೆಯಬೇಕು. ಅವಸರ ಮಾಡಿದರೆ ಕರ್ ಎನ್ನುತ್ತದೆ. ಅಕ್ಕನ ಮಗಳು ಅದನ್ನು ಕಲಿತದ್ದು ತನ್ನ ಕೈಯ ಮೇಲೆ ನಮ್ಮಪ್ಪ ಕೈಯಿಟ್ಟಾಗ. ಆಗ ಅವಳಿಗೆ 19, ಅವರಿಗೆ 74.

ಪ್ರತಿ ಭಾನುವಾರ ಇಕ್ಕೇರಿಯವರೆಗೆ ಹೋಗಿ ಬರುವುದು ಈಗ ಅವಳ ಪಾಲು. ಎಂಜಿನ್ ಪೂರ್ತಿ ಬಿಸಿಯಾಗಲು, ಬ್ಯಾಟರಿ ತುಂಬಲು, ಬ್ರೇಕ್ ಅಂಟಿಕೊಳ್ಳದಿರಲು ಅಷ್ಟು ಓಟ ಬೇಕು. ಅಂಗಳದಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಲದು. ಅಪ್ಪ ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಮಾತಾಡುವುದಿಲ್ಲ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಿರುತ್ತಾರೆ. ಹೋದ ವಾರ ಎಡ ಮುಂಭಾಗದಿಂದ ಸಣ್ಣ ಕಿರುಗುಟ್ಟು ಕೇಳಿತೆಂದರು. ಇವತ್ತು ಜಾಕ್ ಹಾಕಿ, ಮುಂದಿನ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆಯಬೇಕು.

(ದೃಶ್ಯ: ಅವಳು ಗ್ರೀಸ್ ಗನ್ ತುಂಬುತ್ತಿದ್ದಾಳೆ. ಅಪ್ಪ ಕುರ್ಚಿ ಎಳೆದುಕೊಂಡು ಚಕ್ರದ ಪಕ್ಕ ಕೂರುತ್ತಾರೆ.)